ಗಿರಾಕಿಯ ತಲೆಗೆ ಕಟ್ಟಿದ ತಪ್ಪು

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಡೆವ್‌ಆಪ್ಸ್ ಆರ್ಕಿಟೆಕ್ಟ್ ಆಗಿದ್ದೇನೆ. ನಮ್ಮ ಸಾಫ್ಟ್‌ವೇರ್ ಕೊಂಡ ಸಂಸ್ಥೆಗಳವರ ಜೊತೆ ನೇರವಾಗಿ ಮಾತಾಡಿ, ಅವರಲ್ಲಿ ಅದನ್ನು ಸ್ಥಾಪಿಸಿ, ಹೊಸ ಆವೃತ್ತಿಗಳು ತೊಂದರೆಯಿಲ್ಲದೆ ಚಾಲನೆಗೆ ಬರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಪ್ಪನಿಗೆ ಪಾರ್ಶ್ವವಾಯು ಆದ ಮೇಲೆ ಮ್ಯಾನೇಜರ್ ಒಪ್ಪಿಗೆ ಪಡೆದು ಕಲಬುರಗಿಯ ಮನೆಯಿಂದಲೇ ದುಡಿಯುತ್ತಿದ್ದೇನೆ. ಕಳೆದ ತಿಂಗಳು ಪುಣೆಯ ಔಷಧ ವಿತರಣಾ ಸಂಸ್ಥೆಯೊಂದಕ್ಕೆ ಹೊಸ ಆವೃತ್ತಿ ಹಾಕುವುದಿತ್ತು. ರೋಲ್‌ಬ್ಯಾಕ್, ಅಂದರೆ ಹಳೆಯ ಆವೃತ್ತಿಗೆ ಮರಳುವುದನ್ನು, ಸ್ಟೇಜಿಂಗ್ ಎಂಬ ಪರೀಕ್ಷಾ ವ್ಯವಸ್ಥೆಯಲ್ಲಿ ಒಮ್ಮೆಯೂ ಮಾಡಿ ನೋಡಿಲ್ಲ, ಒಂದು ವಾರ ತಡೆಯೋಣ ಎಂದು ಒಳಗಿನ ಸಭೆಯಲ್ಲಿ ಹೇಳಿದೆ. ತ್ರೈಮಾಸಿಕ ಮುಗಿಯುವುದರೊಳಗೆ ಆಗಲೇಬೇಕು, ಗ್ರಾಹಕರ ಮುಂದೆ ಈ ಮಾತು ಎತ್ತಬೇಡಿ ಎಂದು ಸೇಲ್ಸ್ ಮುಖ್ಯಸ್ಥರು ಹೇಳಿದರು. ‘ಎಲ್ಲ ಸಿದ್ಧವೇ ಮೇಡಂ’ ಎಂದು ಗ್ರಾಹಕರು ಕೇಳಿದಾಗ ನಾನು ಸುಮ್ಮನಿದ್ದೆ. ಆ ರಾತ್ರಿ ವ್ಯವಸ್ಥೆ ಕುಸಿಯಿತು. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಆಸ್ಪತ್ರೆಗಳ ಬೇಡಿಕೆಗಳೆಲ್ಲ ನಿಂತುಹೋದವು. ಕಾರಣ ನಮ್ಮದೇ. ಡೇಟಾಬೇಸ್‌ನ ಒಂದು ಕಾಲಂನ ಹೆಸರು ಬದಲಾಗಿತ್ತು. ಹಳೆಯ ಆವೃತ್ತಿಗೆ ಮರಳಿದರೂ ಡೇಟಾಬೇಸ್ ಮರಳಲಿಲ್ಲ. ಈಗ ಆರ್‌ಸಿಎ ವರದಿಯಲ್ಲಿ, ಅಂದರೆ ತೊಂದರೆಯ ಮೂಲ ಕಾರಣ ತಿಳಿಸುವ ವರದಿಯಲ್ಲಿ, ‘ಗ್ರಾಹಕರ ಫೈರ್‌ವಾಲ್‌ನಿಂದ ಸಂಪರ್ಕ ಕಡಿತ’ ಎಂದು ಬರೆದು ನನ್ನ ಹೆಸರಿನಲ್ಲಿ ಕಳಿಸಬೇಕೆಂದು ಮ್ಯಾನೇಜರ್ ಹೇಳಿದ್ದಾರೆ. ಹೊರಗಿನ ಸಂಪರ್ಕಗಳನ್ನು ಸೋಸುವ ಆ ಫೈರ್‌ವಾಲ್ ನೋಡಿಕೊಳ್ಳುವವನು ಕೆಲಸಕ್ಕೆ ಸೇರಿ ವರ್ಷ ತುಂಬದ ಹುಡುಗ. ಮೊನ್ನೆ ಫೋನ್ ಮಾಡಿ, ‘ನನ್ನಿಂದ ಏನಾದರೂ ತಪ್ಪಾಯಿತೇ’ ಎಂದು ಕೇಳಿದ. ಬೇರೆ ಕರೆ ಬರುತ್ತಿದೆಯೆಂದು ಹೇಳಿ ಇಟ್ಟುಬಿಟ್ಟೆ. ಮನೆ ಸಾಲದ ಕಂತಿದೆ. ಮ್ಯಾನೇಜರ್ ಮುನಿದರೆ ಬೆಂಗಳೂರಿಗೆ ಬರಬೇಕೆನ್ನುತ್ತಾರೆ. ಗಂಜ್‌ನ ಅಡತಿ ಅಂಗಡಿಯಲ್ಲಿ ಮುನೀಮರಾಗಿದ್ದ ಅಪ್ಪನಿಗೆ ಎಲ್ಲ ಹೇಳಿದೆ. ‘ಚೀಟಿ ಯಾರ ಕೈಯಾಗಿಂದವ್ವಾ?’ ಎಂದಷ್ಟೇ ಕೇಳಿ ಸುಮ್ಮನಾದರು. ಸಹಿ ಹಾಕಲೇ, ಕೆಲಸ ಬಿಡಲೇ, ಆ ಹುಡುಗನಿಗೆ ಗುಟ್ಟಾಗಿ ನಿಜ ಹೇಳಲೇ?

— ಹೆಸರು ಬೇಡ, ಕಲಬುರಗಿ

ಉತ್ತರ: ತಂಗಿ, ನೀವು ಕೇಳಿದ ಮೂರು ದಾರಿಗಳಲ್ಲಿ ಯಾವುದನ್ನೂ ಹಿಡಿಯಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಫೈರ್‌ವಾಲ್ ಕುರಿತ ಆ ಸಾಲನ್ನು ನಿಮ್ಮ ಹೆಸರಿನಲ್ಲಿ ಕಳಿಸಬೇಡಿ, ರಾಜೀನಾಮೆ ಕೊಡಬೇಡಿ, ಆ ಹುಡುಗನ ಕಿವಿಯಲ್ಲಿ ಗುಟ್ಟು ಹೇಳಲೂ ಹೋಗಬೇಡಿ. ಆ ರಾತ್ರಿ ನಡೆದದ್ದನ್ನು ನಡೆದಂತೆಯೇ ನೀವೇ ಬರೆದು ಮ್ಯಾನೇಜರ್ ಮುಂದಿಡಿ, ಮತ್ತು ಆ ಬರಹದಲ್ಲಿ ನೀವು ಸುಮ್ಮನಿದ್ದ ಗಳಿಗೆಯನ್ನೂ ಸೇರಿಸಿ.

ನಿಮ್ಮ ಮ್ಯಾನೇಜರ್ ಕೆಟ್ಟವರೆಂದು ನಾನು ಭಾವಿಸುವುದಿಲ್ಲ. ಅವರ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿದೆ. ತಿಂಗಳಿಗೆ ಶೇ 99.9ರಷ್ಟು ಹೊತ್ತು ವ್ಯವಸ್ಥೆ ನಡೆಯುತ್ತಿರಬೇಕೆಂಬ ಷರತ್ತು ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಹಾಗೆಂದರೆ 30 ದಿನಗಳ ತಿಂಗಳಿನಲ್ಲಿ ನಿಂತುಹೋಗಲು ಸಿಗುವ ಅವಕಾಶ ಸುಮಾರು 43 ನಿಮಿಷ ಮಾತ್ರ, ನಿಮ್ಮಲ್ಲಿ ನಾಲ್ಕು ಗಂಟೆ ದಾಟಿದೆ. ಷರತ್ತು ತಪ್ಪಿದರೆ ಬಿಲ್ಲಿನಲ್ಲಿ ಕಡಿತ ಕೊಡಬೇಕಾಗುತ್ತದೆ. ತೊಂದರೆ ಗ್ರಾಹಕರ ಕಡೆಯಿಂದಲೇ ಆದದ್ದಾದರೆ ಆ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದೂ ಅಂಥ ಒಪ್ಪಂದಗಳಲ್ಲಿ ಬರೆದಿರುತ್ತಾರೆ. ಫೈರ್‌ವಾಲ್ ಎಂಬ ಪದ ನಿಮ್ಮ ವರದಿಯೊಳಗೆ ಬಂದ ದಾರಿ ಬಹುಶಃ ಇದೇ ಇರಬೇಕು. ಆದ್ದರಿಂದ ಇದನ್ನು ಆಫೀಸುಗಳಲ್ಲಿ ದಿನವೂ ನಡೆಯುವ ಸಣ್ಣ ಹೊಂದಾಣಿಕೆಯೆಂದು ಎಣಿಸಬೇಡಿ. ನಿಮ್ಮ ಮುಂದಿರುವುದು ಹಣದ ಚೀಟಿ.

ನಿಮ್ಮ ತಂದೆಯವರಂಥ ಮುನೀಮರು ರಾಶಿಯಿಂದ ನಾಲ್ಕು ತೊಗರಿ ಕಾಳು ಎತ್ತಿ, ಹಲ್ಲಿಗೆ ಹಚ್ಚಿ, ಹಸಿಯಿದೆಯೋ ಒಣಗಿದೆಯೋ ಎಂದು ನೋಡುತ್ತಿದ್ದುದನ್ನು ನಾನು ಸಣ್ಣವನಿದ್ದಾಗ ನೆಹರೂ ಗಂಜ್‌ನಲ್ಲಿ ನಿಂತು ನೋಡಿದ್ದೇನೆ. ಈಗ ಯಂತ್ರ ಬಂದಿದೆ; ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ 12 ಮೀರಬಾರದು. 14 ಇದ್ದದ್ದನ್ನು 12 ಎಂದು ಬರೆದರೆ ಆ ದಿನದ ಮಟ್ಟಿಗೆ ರೈತನಿಗೂ ಅಂಗಡಿಯವನಿಗೂ ಅನುಕೂಲವೇ, ಆದರೆ ಗೋದಾಮಿನಲ್ಲಿ ಚೀಲ ಬೂಷ್ಟು ಹಿಡಿದ ದಿನ ಎಲ್ಲರೂ ಹುಡುಕುವುದು ಚೀಟಿ ಬರೆದವನನ್ನು. ತಂದೆಯವರು ಕೇಳಿದ ಪ್ರಶ್ನೆ ಆ ಅಂಗಡಿಯ ಗಾದಿಯ ಮೇಲೆ ಕುಳಿತು ಕಲಿತದ್ದು. ನಿಮ್ಮ ವೃತ್ತಿಯಲ್ಲಂತೂ ಹುಡುಕುವುದು ಇನ್ನೂ ಸುಲಭ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು (ಯಾವಾಗ ಏನಾಯಿತೆಂಬ ದಾಖಲೆಗಳನ್ನು) 180 ದಿನ ಕಾದಿಡಬೇಕು. ಆ ಫೈರ್‌ವಾಲ್‌ನ ಲಾಗ್ ಇರುವುದು ಪುಣೆಯವರ ಹತ್ತಿರ. ಆ ರಾತ್ರಿ ಸಂಪರ್ಕ ಕಡಿದಿರಲಿಲ್ಲವೆಂದು ತೋರಿಸಲು ತಿಳಿದವರೊಬ್ಬರು ಕುಳಿತರೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಸಿಕ್ಕಿಬೀಳುವ ಭಯವನ್ನು ಬದಿಗಿಟ್ಟರೂ ಸುಳ್ಳು ಆರ್‌ಸಿಎಯಿಂದ ಆಗುವ ಹಾನಿ ಉಳಿದೇ ಇರುತ್ತದೆ. ನಿಮ್ಮಲ್ಲಿ ಆದದ್ದೇನು? ಹೊಸ ಆವೃತ್ತಿ ಒಂದೇ ಏಟಿಗೆ ಕಾಲಂನ ಹೆಸರನ್ನು ಬದಲಿಸಿತು. ಸಾಫ್ಟ್‌ವೇರ್‌ನ ಹಳೆಯ ಪ್ರತಿಗಳು ಒಂದೊಂದಾಗಿ ನಿಂತು ಹೊಸವು ಮೇಲೇಳುವ ಆ ಕೆಲವು ನಿಮಿಷಗಳಲ್ಲಿ ಎರಡೂ ಜೊತೆಯಲ್ಲೇ ಓಡುತ್ತಿರುತ್ತವೆ, ಆಗ ಹಳೆಯದು ಹಳೆಯ ಹೆಸರನ್ನೇ ಹುಡುಕಿ ಸಿಗದೆ ಬೀಳುತ್ತದೆ. ರೋಲ್‌ಬ್ಯಾಕ್ ಒತ್ತಿದಿರಿ, ಕೋಡ್ ಹಿಂದೆ ಹೋಯಿತು, ಡೇಟಾಬೇಸ್ ಹೋಗಲಿಲ್ಲ. ಇದಕ್ಕೆ ಪರಿಹಾರ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಉಳಿದ ಓದುಗರಿಗಾಗಿ ಬರೆಯುತ್ತೇನೆ: ಮೊದಲ ಆವೃತ್ತಿಯಲ್ಲಿ ಹಳೆಯ ಕಾಲಂ ಮುಟ್ಟದೆ ಹೊಸದನ್ನು ಸೇರಿಸಬೇಕು, ಕೆಲಕಾಲ ಎರಡರಲ್ಲೂ ಬರೆಯುತ್ತಾ ಹಳೆಯ ಮಾಹಿತಿಯನ್ನು ಹೊಸದಕ್ಕೆ ನಕಲು ಮಾಡಬೇಕು, ಎಲ್ಲರೂ ಹೊಸದನ್ನೇ ಓದುತ್ತಿದ್ದಾರೆಂದು ಖಾತ್ರಿಯಾದ ಮೇಲೆ, ಮುಂದಿನ ಯಾವುದೋ ಆವೃತ್ತಿಯಲ್ಲಿ, ಹಳೆಯದನ್ನು ತೆಗೆಯಬೇಕು. ಹಾಗೆ ಮಾಡಿದರೆ ಕೊನೆಯ ಹೆಜ್ಜೆಯ ತನಕ ಹಿಂದೆ ಸರಿಯಲು ದಾರಿ ಇರುತ್ತದೆ. ಈಗ ವರದಿಯಲ್ಲಿ ಫೈರ್‌ವಾಲ್ ಎಂದು ಬರೆದರೆ ಪುಣೆಯವರು ಫೈರ್‌ವಾಲ್‌ಗೆ ಹಣ ಸುರಿಯುತ್ತಾರೆ, ಹೊಸ ಆವೃತ್ತಿಗಳನ್ನು ಚಾಲನೆಗೆ ತರುವ ನಿಮ್ಮ ಪೈಪ್‌ಲೈನ್ ಇದ್ದ ಹಾಗೆಯೇ ಉಳಿಯುತ್ತದೆ, ಮುಂದಿನ ಬಾರಿ ಇನ್ನೊಂದು ಕಾಲಂನ ಹೆಸರು ಬದಲಾಗುತ್ತದೆ.

ಇದನ್ನು ಊಹಿಸಿ ಹೇಳುತ್ತಿಲ್ಲ. ಹದಿನೈದು ವರ್ಷಗಳ ಹಿಂದೆ ನಾನೂ ಒಂದು ಕಂಪನಿಯಲ್ಲಿ ಇಂಥದೇ ವರದಿಗೆ ಸಹಿ ಹಾಕಿದ್ದೆ. ನಮ್ಮ ಲಾಗ್ ಕಡತಗಳನ್ನು ಯಾರೂ ಅಳಿಸದೆ ಡಿಸ್ಕ್ ತುಂಬಿ ಸರ್ವರ್ ನಿಂತಿತ್ತು. ನಾವು ಬರೆದದ್ದು ‘ಗ್ರಾಹಕರ ಕಡೆಯ ವಿದ್ಯುತ್ ವ್ಯತ್ಯಯ’ ಎಂದು. ಅವರು ನಂಬಿ ಹೊಸ ಯುಪಿಎಸ್ ತರಿಸಿದರು. ಮೂರು ತಿಂಗಳಿಗೆ ಡಿಸ್ಕ್ ಮತ್ತೆ ತುಂಬಿತು. ಎರಡನೆಯ ಸಲ ಅವರ ಕಡೆಯವರೊಬ್ಬರು ಫೋನಿನಲ್ಲಿ, ಸ್ವಲ್ಪವೂ ದನಿ ಏರಿಸದೆ, ‘ಯುಪಿಎಸ್ ಇದೆಯಲ್ಲ ಸರ್’ ಎಂದರು. ಅದಾದ ಮೇಲೆ ಆ ಸಂಸ್ಥೆಯವರು ನಾನು ಹೇಳಿದ ನಿಜವನ್ನೂ ಎರಡು ಬಾರಿ ಪರಿಶೀಲಿಸದೆ ಒಪ್ಪಲಿಲ್ಲ. ಗ್ರಾಹಕರ ಎದುರು ಕುಳಿತು ಕೆಲಸ ಮಾಡುವ ಆರ್ಕಿಟೆಕ್ಟ್‌ಗೆ ಕಂಪನಿ ಸಂಬಳ ಕೊಡುವುದು ಬಹುಪಾಲು ಆಕೆಯ ಮಾತನ್ನು ಎದುರಿನವರು ನಂಬುತ್ತಾರೆಂಬ ಕಾರಣಕ್ಕೆ. ಪೈಪ್‌ಲೈನ್ ಕಟ್ಟುವವರು ನಿಮ್ಮ ಕಂಪನಿಯೊಳಗೇ ಹಲವರಿರಬಹುದು. ಪುಣೆಯವರು ‘ಸಿದ್ಧವೇ’ ಎಂದು ಕೇಳುವುದು ನಿಮ್ಮನ್ನು.

ನಿಜ ಹೇಳಿದರೆ ಕಂಪನಿಯ ಮರ್ಯಾದೆ ಹೋಗುತ್ತದೆಂಬ ಭಯ ನಿಮ್ಮ ಮ್ಯಾನೇಜರ್‌ಗೆ ಇರಬಹುದು. ಅವರಿಗೆ, ಕೋಡ್ ಕಾದಿಡುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯ ಪ್ರಸಂಗ ನೆನಪಿಸಿ. 2017ರ ಜನವರಿ 31ರ ರಾತ್ರಿ ಅವರ ಎಂಜಿನಿಯರ್ ಒಬ್ಬರು ಪರ್ಯಾಯ ಸರ್ವರ್ ಎಂದು ತಿಳಿದು ಮುಖ್ಯ ಸರ್ವರ್‌ನ ಡೇಟಾಬೇಸನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ದಿನನಿತ್ಯದ ಬ್ಯಾಕಪ್ ನೋಡಿದರೆ ಅದು ಆಗುತ್ತಲೇ ಇರಲಿಲ್ಲ; ವಿಫಲವಾಗಿದೆಯೆಂದು ತಿಳಿಸುವ ಮಿಂಚಂಚೆಗಳು ಕೂಡ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಬೇರೆ ಕಡೆ ಉಳಿದಿದ್ದ ಪ್ರತಿಯೊಂದರಿಂದ ಮರಳಿ ಪಡೆದರೂ ಸುಮಾರು ಆರು ಗಂಟೆಗಳ ಮಾಹಿತಿ ಶಾಶ್ವತವಾಗಿ ಹೋಯಿತು. ಆ ಕಂಪನಿ ದುರಸ್ತಿಯ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು, ಆಮೇಲೆ ತನ್ನ ಎಲ್ಲ ಲೋಪಗಳನ್ನೂ ಬರೆದು ಪ್ರಕಟಿಸಿತು, ಆ ವರದಿಯಲ್ಲಿ ಎಂಜಿನಿಯರ್‌ನ ಹೆಸರು ಹಾಕಲಿಲ್ಲ. 2021ರಲ್ಲಿ ಅದೇ ಕಂಪನಿ ಅಮೆರಿಕದ ನಾಸ್ಡ್ಯಾಕ್ ಷೇರುಪೇಟೆಗೆ ಕಾಲಿಟ್ಟಿತು.

ಹೆಸರು ಹಾಕದಿರುವುದು ಮುಖ್ಯ. ಎಟ್ಸಿ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿದ್ದ ಜಾನ್ ಆಲ್ಸ್‌ಪಾ 2012ರಲ್ಲಿ ದೂಷಣೆಯಿಲ್ಲದ ಪೋಸ್ಟ್‌ಮಾರ್ಟಂ (ಅವಘಡದ ನಂತರದ ಪರಿಶೀಲನೆ) ಕುರಿತು ಬರೆದಂದಿನಿಂದ ನಿಮ್ಮ ವೃತ್ತಿಯಲ್ಲಿ ಆ ಪದ್ಧತಿ ಬೇರೂರಿದೆ: ಯಾರು ಮಾಡಿದರೆಂದು ಬೆರಳು ತೋರಿಸುವುದರ ಬದಲು, ಆ ಹೊತ್ತಿನಲ್ಲಿ ಆ ಹೆಜ್ಜೆ ಅವರಿಗೆ ಸರಿಯೆಂದು ಏಕೆ ಕಂಡಿತೆಂದು ಕೇಳುವುದು. ನಿಮ್ಮ ವರದಿಯನ್ನೂ ಹಾಗೆಯೇ ಬರೆಯಿರಿ. ಗಡಿಯಾರದ ಹೊತ್ತು ಎಡಗಡೆ, ಲಾಗ್‌ನಲ್ಲಿ ಕಂಡದ್ದು ಬಲಗಡೆ. ‘ಸೇಲ್ಸ್ ಮುಖ್ಯಸ್ಥರು ತಡೆದರು’ ಎಂದು ಬರೆಯಬೇಡಿ. ‘ಸ್ಟೇಜಿಂಗ್‌ನಲ್ಲಿ ರೋಲ್‌ಬ್ಯಾಕ್ ಪರೀಕ್ಷೆ ಆಗಿರಲಿಲ್ಲ, ಈ ಅಪಾಯವನ್ನು ಬಿಡುಗಡೆಗೆ ಮೊದಲು ಗ್ರಾಹಕರಿಗೆ ತಿಳಿಸಿರಲಿಲ್ಲ’ ಎಂದು ಬರೆಯಿರಿ. ಈ ಎರಡನೆಯ ಭಾಗ ನಿಮ್ಮದು, ತಂಗಿ. ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆದರೆ ನೀವು ಕೂಡ ಅರ್ಧ ಚೀಟಿ ಬರೆದಂತಾಗುತ್ತದೆ.

ನಿಮ್ಮ ಮೌನವನ್ನು ನಾನು ಹಗುರವಾಗಿ ಕಾಣುತ್ತಿಲ್ಲ, ಹಾಗೆಂದು ನಿಮ್ಮನ್ನು ಹಳಿಯುತ್ತಲೂ ಇಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹಿರಿಯರು ಏನಾದರೂ ಕೇಳಿದರೆ ‘ಹೂಂ ರೀ, ಮಾಡೋಣಂತ್ರಿ’ ಎಂದು ಬೆಳೆದವರು ನಾವು. ಎದುರಿಗಿದ್ದವರ ಮುಖ ನೋಡಿ ಆಗುವುದಿಲ್ಲ ಎನ್ನುವುದು ಒರಟುತನವೆಂದು ಕಲಿತಿದ್ದೇವೆ. ಪರದೆಯ ಮೇಲೆ ಹತ್ತು ಮುಖಗಳು, ಅದರಲ್ಲಿ ನಾಲ್ಕು ನಮ್ಮದೇ ಕಂಪನಿಯ ಹಿರಿಯರು, ಮಾತು ಇಂಗ್ಲಿಷಿನಲ್ಲಿ. ಅಂಥಲ್ಲಿ ಗಂಟಲು ಕಟ್ಟುವುದು ಸಹಜ. ಮುಂದಿನ ಸಲಕ್ಕೆ ಒಂದು ವಾಕ್ಯವನ್ನು ಮೊದಲೇ ಬರೆದು ಕೀಬೋರ್ಡಿನ ಪಕ್ಕದಲ್ಲಿ ಇಟ್ಟುಕೊಳ್ಳಿ: ‘ಹಾಕುವುದಕ್ಕೆ ಸಿದ್ಧವಿದೆ, ಹಿಂದೆ ತೆಗೆಯುವುದನ್ನು ಇನ್ನೂ ಪರೀಕ್ಷಿಸಿಲ್ಲ, ಅದಕ್ಕೆ ಇಷ್ಟು ದಿನ ಬೇಕು.’ ಇದರಲ್ಲಿ ಯಾರ ಮೇಲೂ ದೂರಿಲ್ಲ, ಅವಿಧೇಯತೆಯೂ ಇಲ್ಲ. ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರವಿದೆ.

ಇನ್ನು ಮ್ಯಾನೇಜರ್. ಎಲ್ಲರಿಗೂ ಪ್ರತಿ ಹೋಗುವ ಮೇಲ್‌ನಲ್ಲಿ ಅವರನ್ನು ಎದುರಿಸಬೇಡಿ. ಹತ್ತು ಜನರ ಮುಂದೆ ಹಿಂದೆ ಸರಿಯುವುದು ಯಾರಿಗೂ ಕಷ್ಟ. ಬೆಳಗ್ಗೆಯೇ ಫೋನ್ ಮಾಡಿ, ಒಬ್ಬರೇ ಇದ್ದಾಗ, ‘ಆ ಸಾಲು ನಿಜವಲ್ಲ ಸರ್, ನನ್ನ ಹೆಸರಿನಲ್ಲಿ ಕಳಿಸಲಾರೆ; ನಡೆದದ್ದನ್ನು ಯಾರ ಹೆಸರೂ ಇಲ್ಲದೆ ಬರೆದಿದ್ದೇನೆ, ನೋಡಿ’ ಎಂದು ಹೇಳಿ, ಕರಡನ್ನು ಅವರಿಗೆ ಮಾತ್ರ ಕಳಿಸಿ. ಕರಡಿನ ಕೊನೆಯಲ್ಲಿ ಕಾಲಂ ಬದಲಾವಣೆಯ ಹೊಸ ಕ್ರಮವನ್ನೂ, ಪ್ರತಿ ಬಿಡುಗಡೆಗೆ ಮುನ್ನ ರೋಲ್‌ಬ್ಯಾಕ್ ಪರೀಕ್ಷಿಸುವ ದಿನಾಂಕವನ್ನೂ ಹಾಕಿರಿ. ಅವರು ತಮ್ಮ ಮೇಲಿನವರಿಗೆ ತೋರಿಸಲು ಅವರ ಕೈಯಲ್ಲೂ ಏನಾದರೂ ಇರಬೇಕು. ಬಿಲ್ಲಿನ ಕಡಿತದ ಬಗ್ಗೆ ವಾಣಿಜ್ಯ ವಿಭಾಗದವರು ಪುಣೆಯವರ ಜೊತೆ ಚೌಕಾಸಿ ಮಾಡಲಿ, ಅದು ಅವರ ಹಕ್ಕು. ಕಾರಣವನ್ನು ತಿರುಚಿ ಆ ಚೌಕಾಸಿಗೆ ಒದಗಿಸುವ ಕೆಲಸ ನಿಮ್ಮದಲ್ಲ.

ಅವರು ಒಪ್ಪದಿದ್ದರೆ? ಹಾಗಾದರೆ ವರದಿ ಅವರ ಹೆಸರಿನಲ್ಲಿ ಹೋಗಲೆಂದು ವಿನಯದಿಂದಲೇ, ಆದರೆ ಬರಹದಲ್ಲಿ ತಿಳಿಸಿ. ಅನೇಕರ ಪಟ್ಟು ಇಲ್ಲಿಗೇ ಸಡಿಲವಾಗುತ್ತದೆ. ಆಗದಿದ್ದರೆ ಕಂಪನಿಯೊಳಗಿನ ದೂರು ವ್ಯವಸ್ಥೆಗೆ ಹೋಗಿ. ನಿಮ್ಮದು ಷೇರುಪೇಟೆಯಲ್ಲಿರುವ ಕಂಪನಿಯಾದರೆ 2013ರ ಕಂಪನಿ ಕಾಯ್ದೆಯ 177ನೇ ಕಲಮಿನಂತೆ ಅಂಥ ವ್ಯವಸ್ಥೆ ಇರಲೇಬೇಕು, ದೂರು ಕೊಟ್ಟವರಿಗೆ ಕಿರುಕುಳವಾಗದಂತೆ ರಕ್ಷಣೆಯನ್ನೂ ಅದು ಕೊಡಬೇಕು. ಒಂದು ಎಚ್ಚರಿಕೆ: ಕಂಪನಿಯ ಕಡತಗಳನ್ನಾಗಲಿ ಲಾಗ್‌ಗಳನ್ನಾಗಲಿ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ, ಆ ಒಂದು ತಪ್ಪಿನಿಂದ ನಿಮ್ಮ ನ್ಯಾಯವೇ ತಲೆಕೆಳಗಾಗುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾರು ಏನು ಹೇಳಿದರೆಂದು ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಟ್ಟರೆ ಸಾಕು.

ಬೆಂಗಳೂರಿಗೆ ಬಾ ಎನ್ನುವ ಭಯ ಸುಳ್ಳಲ್ಲ. ಒಂದು ರಾತ್ರಿಯ ರೈಲಿನ ದಾರಿ ಅದು. ಅಪ್ಪನಿಗೆ ದಿನವೂ ಕೈ ಹಿಡಿದು ನಡೆಸುವವರು ಬೇಕಾದಾಗ ಆ ದಾರಿ ಬಹಳ ಉದ್ದವಾಗುತ್ತದೆ. ಮನೆಯಿಂದ ಕೆಲಸ ಮಾಡುವ ಒಪ್ಪಿಗೆ ಬಾಯಿಮಾತಿನದೋ ಪತ್ರದಲ್ಲಿದೆಯೋ ಈ ವಾರವೇ ನೋಡಿ. ಬಾಯಿಮಾತಿನದಾದರೆ, ಈ ವಿವಾದದ ಪ್ರಸ್ತಾಪವಿಲ್ಲದೆ, ತಂದೆಯವರ ವೈದ್ಯಕೀಯ ಕಾಗದಗಳ ಸಹಿತ ಎಚ್‌ಆರ್‌ನವರಿಂದ ಬರಹದಲ್ಲಿ ಕೇಳಿ. ಆರು ತಿಂಗಳ ಕಂತಿನಷ್ಟು ಹಣ ಬೇರೆಯಿಡಲು ಈ ತಿಂಗಳಿನಿಂದಲೇ ಶುರುಮಾಡಿ, ಪತಿಯಿದ್ದರೆ ಅವರ ಜೊತೆ ಕುಳಿತು ಲೆಕ್ಕ ಹಾಕಿ. ಹೊಸ ಕೆಲಸ ಹುಡುಕುವುದಿದ್ದರೆ ಕೈಯಲ್ಲಿ ಈ ಕೆಲಸ ಇರುವಾಗಲೇ ಹುಡುಕಿ.

ಕೊನೆಯದಾಗಿ ಆ ಹುಡುಗ. ಗ್ರಾಹಕ ಸಂಸ್ಥೆಯ ಒಬ್ಬ ನೌಕರನಿಗೆ ನೀವು ಒಳಗಿನ ವಿಷಯ ಗುಟ್ಟಾಗಿ ಹೇಳಿದರೆ ಒಪ್ಪಂದ ಮೀರಿದಂತಾಗುತ್ತದೆ. ಅವನಾದರೂ ಆ ಗುಟ್ಟನ್ನು ಯಾರ ಮುಂದೆ ಇಟ್ಟು ತನ್ನನ್ನು ಉಳಿಸಿಕೊಳ್ಳಬೇಕು? ಆದರೆ ಅವನ ಫೋನ್ ಎತ್ತದೆ ಇರಬೇಡಿ. ನಾಳೆಯೇ ನೀವಾಗಿ ಕರೆ ಮಾಡಿ, ‘ವರದಿ ಇನ್ನೂ ಬರೆಯುತ್ತಿದ್ದೇನೆ, ಲಾಗ್‌ನಲ್ಲಿ ಇದ್ದದ್ದನ್ನಷ್ಟೇ ಬರೆಯುತ್ತೇನೆ, ನಿನ್ನ ಫೈರ್‌ವಾಲ್‌ನ ಆ ರಾತ್ರಿಯ ಲಾಗ್ ಅಳಿಯದಂತೆ ತೆಗೆದಿಡು’ ಎಂದು ಹೇಳಿ. ಇದರಲ್ಲಿ ಗುಟ್ಟು ಯಾವುದೂ ಇಲ್ಲ, ಯಾವ ಎಂಜಿನಿಯರ್ ಬೇಕಾದರೂ ಇನ್ನೊಬ್ಬರಿಗೆ ಹೇಳುವ ಮಾತು. ವರದಿ ಒಪ್ಪಿಗೆಯಾಗಿ ಹೊರಬಿದ್ದ ದಿನ ಅವನನ್ನು ಕರೆದು, ಆ ರಾತ್ರಿಯ ಹೊತ್ತುಗಳ ಪಟ್ಟಿಯನ್ನು ಸಾಲು ಸಾಲಾಗಿ ಅವನ ಜೊತೆ ಓದಿ. ‘ಎಲ್ಲ ಸಿದ್ಧವೇ’ ಎಂದು ಕೇಳಿದ ಸಭೆಯ ಸಾಲು ಬಂದಾಗ, ಅಲ್ಲಿ ಸುಮ್ಮನಿದ್ದವಳು ನಾನು ಎಂದು ನಿಮ್ಮ ಬಾಯಿಂದಲೇ ಹೇಳಿ.