ಹದ್ದು ಉಳಿಸೋಕೂ ಲೈಸೆನ್ಸ್ ಬೇಕಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಸಂಕ್ರಾಂತಿ ಕಳೆದ ಮೇಲೆ ಗಾಯಗೊಂಡ ಪ್ರಾಣಿ ಪಕ್ಷಿಗಳ ಬಗ್ಗೆ ಪತ್ರಗಳು ಜಾಸ್ತಿ ಬಂದಿವೆ, ಅದಕ್ಕೇ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀವಿ.

ಪ್ರಶ್ನೆ: ಸರ್, ನಮ್ಮ ಏರಿಯಾದಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ಹದ್ದುಗಳು ಬೀಳ್ತಾನೇ ಇರ್ತವೆ. ನಾನು ಮತ್ತೆ ನನ್ನ ಫ್ರೆಂಡ್, ಅವನು ವೆಟರ್ನರಿ ಓದ್ತಿದಾನೆ, ಹಿಡಿದು ಆಸ್ಪತ್ರೆಗೆ ಕೊಟ್ಟು ಬರ್ತೀವಿ. ಈಗ ಟೆರೇಸ್ ಮೇಲೆ ಶೆಡ್ ಹಾಕಿ ನಾವೇ ಟ್ರೀಟ್ಮೆಂಟ್ ಮಾಡೋಣ ಅಂತಿದೀವಿ. ಫಾರಿನ್‌ನಲ್ಲಿ ಇದಕ್ಕೆ ಲೈಸೆನ್ಸ್ ಕೊಡ್ತಾರಂತೆ, ಇಲ್ಲಿ ಎಲ್ಲಿ ಅಪ್ಲೈ ಮಾಡ್ಬೇಕು, ಫೀಸ್ ಎಷ್ಟು? – ಬೆಂಗಳೂರಿನ ಓದುಗರು

ಆರ್‌ಟಿಓಗೆ ಹೋಗಿ ಡಿಎಲ್ ಮಾಡಿಸ್ಕೊಂಡ ಹಾಗೆ ಮಾಡಿಸ್ಕೊಳ್ಳೋ ಕಾರ್ಡು ನಮ್ಮ ದೇಶದಲ್ಲಿ ಇಲ್ಲ. ಮನೇಲಿ ಕೂತು ಕಾಡುಪ್ರಾಣಿ ಆರೈಕೆ ಮಾಡೋಕೆ ಅಂತ ವ್ಯಕ್ತಿಗೆ ಕೊಡೋ ಲೈಸೆನ್ಸೇ ಇಲ್ಲ ಅಂದ್ಮೇಲೆ ಫೀಸ್ ಮಾತೆಲ್ಲಿ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೋಡಿ, ಅದರಲ್ಲಿ 39ನೇ ಸೆಕ್ಷನ್ ಪ್ರಕಾರ ಕಾಡುಪ್ರಾಣಿ ಸರ್ಕಾರದ ಆಸ್ತಿ, ಅದು ಯಾವುದೇ ರೀತಿಯಲ್ಲಿ ನಿಮ್ಮ ಕೈಗೆ ಬಂದ್ರೂ 48 ಗಂಟೆ ಒಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಇರೋ ಅರಣ್ಯ ಅಧಿಕಾರಿಗೋ ತಿಳಿಸಬೇಕು, ಕೇಳಿದ್ರೆ ಒಪ್ಪಿಸಬೇಕು. ಎಷ್ಟೋ ಜನ ಇದನ್ನ ಎರಡು ದಿನ ಇಟ್ಕೊಳ್ಳೋಕೆ ಪರ್ಮಿಷನ್ ಅಂತ ತಿಳ್ಕೊಂಡಿದಾರೆ, ಅಲ್ಲ, ಅದು ತಿಳಿಸೋಕೆ ಕೊಟ್ಟಿರೋ ಕೊನೇ ಗಡುವು. ಇಟ್ಕೋಬೇಕು ಅಂದ್ರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯಿಂದ ಮೊದಲೇ ಲಿಖಿತ ಅನುಮತಿ ಬೇಕು. ಇನ್ನೊಂದು, ಈ ಕಾಯ್ದೆಯಲ್ಲಿ ಬೇಟೆ ಅಂದ್ರೆ ಬಂದೂಕು ಹೊಡೆಯೋದು ಮಾತ್ರ ಅಲ್ಲ, ಹಿಡಿಯೋದೂ ಅದರೊಳಗೇ ಬರುತ್ತೆ. ಹಾಗಂತ ಗಾಯದ ಹದ್ದು ತಂದು ಒಪ್ಪಿಸಿದವರನ್ನ ಜೈಲಿಗೆ ಹಾಕೋದು ಕಾನೂನಿನ ಉದ್ದೇಶ ಅಲ್ಲ, ಹೆದರ್ಕೋಬೇಡಿ. ತಂದವರು ಒಪ್ಪಿಸದೇ ಇಟ್ಕೊಂಡ್ರೆ ತೊಂದರೆ ಶುರು.

ನಾಲ್ಕು ಜನ ಸೇರಿ ಟ್ರಸ್ಟ್ ಮಾಡಿ ಸೆಂಟರ್ ತೆರೀತೀವಿ ಅಂದ್ರೂ ಸಲೀಸಲ್ಲ. ಕಾಯ್ದೆ ಪ್ರಕಾರ ರೆಸ್ಕ್ಯೂ ಸೆಂಟರ್ ಕೂಡ ಮೃಗಾಲಯದ ಲೆಕ್ಕಕ್ಕೇ ಬರುತ್ತೆ, ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. ಡಾಕ್ಟರು, ಕ್ವಾರಂಟೈನ್ ಜಾಗ, ಯಾವ ಪ್ರಾಣಿ ಯಾವತ್ತು ಬಂತು ಏನಾಯ್ತು ಅನ್ನೋ ರಿಜಿಸ್ಟರ್, ಸತ್ತರೆ ಪೋಸ್ಟ್‌ಮಾರ್ಟಂ, ಇದೆಲ್ಲಾ ಕೇಳ್ತಾರೆ. ಕೇಳ್ಲೇಬೇಕು ಕೂಡ. ಇಷ್ಟೆಲ್ಲಾ ಕಿರಿಕಿರಿ ಯಾಕೆ ಅಂತ ನೀವು ಬೈಕೋಬಹುದು, ಆದ್ರೆ ರೆಸ್ಕ್ಯೂ ಹೆಸರಲ್ಲಿ ಮನೆ ತುಂಬಾ ಗಿಳಿ, ನಕ್ಷತ್ರ ಆಮೆ ಇಟ್ಕೊಂಡು ಮಾರೋರಿಗೆ ಬಾಗಿಲು ಮುಚ್ಚೋದು ಈ ಕಾಗದಪತ್ರಾನೇ.

ನಿಮ್ಮ ಫ್ರೆಂಡ್ ವಿಷಯ. ಹೊಲಿಗೆ, ಅರಿವಳಿಕೆ, ಆಂಟಿಬಯಾಟಿಕ್ ಇದೆಲ್ಲಾ ನೋಂದಣಿ ಆದ ಪಶುವೈದ್ಯರ ಕೆಲಸ, 1984ರ ಪಶುವೈದ್ಯಕೀಯ ಪರಿಷತ್ ಕಾಯ್ದೆ ಹಾಗೇ ಹೇಳುತ್ತೆ. ಓದು ಮುಗಿಸಿ ನೋಂದಣಿ ಮಾಡಿಸ್ಕೊಳ್ಳೋವರೆಗೂ ಅವರು ಡಾಕ್ಟರ ಕೈಕೆಳಗೇ ಕಲೀಲಿ. ಮಾಂಜಾ ಗಾಯ ಹೊರಗೆ ಸಣ್ಣದಾಗೇ ಕಾಣುತ್ತೆ, ರೆಕ್ಕೆಯ ಮುಂದಿನ ಅಂಚಲ್ಲಿ ಭುಜದಿಂದ ಮಣಿಕಟ್ಟಿನವರೆಗೆ ಒಂದು ತೆಳು ಚರ್ಮ ಇದೆ, ಅದರ ಅಂಚಲ್ಲೇ ಸ್ನಾಯುರಜ್ಜು ಓಡುತ್ತೆ, ದಾರ ಅದನ್ನ ಕೊಯ್ದುಬಿಟ್ರೆ ಚರ್ಮ ಕೂಡಿಕೊಂಡ್ರೂ ಹಕ್ಕಿ ಮತ್ತೆ ಹಾರದೇ ಇರಬಹುದು. ಸಿಕ್ಕಿದ ದಾರಾನ ಎಳೀಬೇಡಿ, ಹಕ್ಕಿಯಿಂದ ಸ್ವಲ್ಪ ದೂರಕ್ಕೆ ಕತ್ತರಿಸಿ, ಉಳಿದದ್ದು ಹಾಗೇ ಇರಲಿ, ಡಾಕ್ಟರು ತೆಗೀತಾರೆ. ಅಂದಹಾಗೆ ಈ ನೈಲಾನ್ ಮಾಂಜಾನ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ಬ್ಯಾನ್ ಮಾಡಿದೆ, ಆದ್ರೂ ಅಂಗಡೀಲಿ ಹೇಗೆ ಸಿಗುತ್ತೆ ಅಂತ ನನ್ನ ಕೇಳಬೇಡಿ.

ಆಮೇಲೆ ಊಟ. ಹದ್ದಿಗೆ ಬರೀ ಬೋನ್‌ಲೆಸ್ ಚಿಕನ್ ಹಾಕಿ ಸಾಕಿದ್ರೆ ಕ್ಯಾಲ್ಸಿಯಂ ಸಾಲದೆ ಮರಿಗಳ ಮೂಳೆ ಬಾಗುತ್ತೆ. ಹುಷಾರಾದ ಮೇಲೂ ಕೈ ಬಿಟ್ಟ ತಕ್ಷಣ ಹಾರಿಹೋಯ್ತು ಅಂತ ಸಮಾಧಾನ ಪಡೋ ಹಾಗಿಲ್ಲ, ಮೇಲಕ್ಕೆ ಹಾರೋದು, ತಿರುಗೋದು, ಸುಸ್ತಾಗದೆ ಇಳಿಯೋದು ಇದೆಲ್ಲಾ ದೊಡ್ಡ ಪಂಜರದಲ್ಲಿ ದಿನಾ ನೋಡಬೇಕು, ಗರಿ ಮುರಿದಿದ್ರೆ ಹೊಸದು ಬರೋವರೆಗೂ ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಅದಕ್ಕೆ ಮನುಷ್ಯರ ಸಲಿಗೆ ಆಗದ ಹಾಗೆ ನೋಡ್ಕೋಬೇಕು. ನಿಮ್ಮ ಟೆರೇಸ್ ಶೆಡ್ಡಲ್ಲಿ ಇದ್ಯಾವುದೂ ಆಗಲ್ಲ. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ, ಬನ್ನೇರುಘಟ್ಟದ ಕಡೆ ವನ್ಯಜೀವಿ ಪುನರ್ವಸತಿ ಮಾಡೋ ಸಂಸ್ಥೆ ಇದೆ, ಇಂಥ ಕಡೆ ವಾಲಂಟಿಯರ್ ಆಗೋಕೆ ಆಗುತ್ತಾ ಕೇಳಿ. ಮೊದಮೊದಲು ಪಂಜರ ತೊಳೆಯೋದೇ ಕೆಲಸ ಅಂದ್ಕೊಂಡೇ ಹೋಗಿ, ಬೇಜಾರಾಗಬಾರದು.

ಪ್ರಶ್ನೆ: ಮೂರು ವರ್ಷದ ಹಿಂದೆ ಗಾಳಿಗೆ ಮರ ಬಿದ್ದಾಗ ಸಿಕ್ಕಿದ ಗಿಳಿ ಮರೀನ ನಾವೇ ಅನ್ನ ತಿನ್ನಿಸಿ ಉಳಿಸಿದೀವಿ. ಈಗ ಪಕ್ಕದ ಮನೆಯವರು ಅದು ಅಪರಾಧ ಅಂತಾರೆ. ಪ್ರಾಣ ಉಳಿಸಿದ್ದು ಅಪರಾಧ ಹೇಗಾಗುತ್ತೆ? – ದಾವಣಗೆರೆಯ ಗೃಹಿಣಿ

ಉಳಿಸಿದ್ದು ಅಪರಾಧ ಅಲ್ಲಮ್ಮ, ಇಟ್ಕೊಂಡಿದ್ದು. ನಮ್ಮ ಹಸಿರು ಗಿಳಿ ವನ್ಯಜೀವಿ ಕಾಯ್ದೆಯ ಎರಡನೇ ಶೆಡ್ಯೂಲ್‌ನಲ್ಲಿದೆ, ಅಂದ್ರೆ ರಕ್ಷಣೆ ಇರೋ ಪ್ರಾಣಿಗಳ ಪಟ್ಟೀಲಿ, ಮೂರು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. 2022ರ ತಿದ್ದುಪಡಿಗೆ ಮುಂಚೆ ದಂಡ 25 ಸಾವಿರದವರೆಗೆ ಇತ್ತು.

ಉತ್ತರಪ್ರದೇಶದ ಅಮೇಥೀಲಿ ಒಬ್ಬ ಯುವಕ ಕಾಲು ಮುರಿದ ಸಾರಸ ಕೊಕ್ಕರೆಗೆ ಆರೈಕೆ ಮಾಡಿದ್ದು, ಅದು ಅವನ ಬೈಕ್ ಹಿಂದೇನೇ ಹಾರಿಕೊಂಡು ಹೋಗ್ತಿದ್ದ ವಿಡಿಯೋ ನೀವೂ ನೋಡಿರಬಹುದು. 2023ರ ಮಾರ್ಚಲ್ಲಿ ಅರಣ್ಯ ಇಲಾಖೆಯವರು ಆ ಹಕ್ಕೀನ ಸಮಸ್‌ಪುರ ಪಕ್ಷಿಧಾಮಕ್ಕೆ ಒಯ್ದರು, ಆಮೇಲೆ ಅದು ಕಾನ್ಪುರದ ಝೂ ಸೇರಿತು, ಹುಡುಗನ ಮೇಲೆ ಕೇಸೂ ಆಯ್ತು. ದೇಶ ಎಲ್ಲಾ ಅವನ ಪರ ಕಣ್ಣೀರು ಹಾಕ್ತು. ನನಗೂ ಪಾಪ ಅನ್ನಿಸ್ತು, ಆದ್ರೆ ಆ ಸಾರಸಕ್ಕೆ ಗಾಯ ಆದ ದಿನಾನೇ ತಿಳಿಸಿದ್ರೆ ಅದು ಮನುಷ್ಯರ ಹಿಂದೆ ಹಾರೋ ಹಕ್ಕಿ ಆಗ್ತಾನೇ ಇರ್ಲಿಲ್ಲ, ಝೂನ ಪಂಜರಕ್ಕೂ ಬೀಳ್ತಿರ್ಲಿಲ್ಲ ಅನ್ನೋದು ನನ್ನ ಲೆಕ್ಕ.

ನಿಮ್ಮ ಗಿಳೀನ ದಯವಿಟ್ಟು ನಾಳೆ ಬೆಳಿಗ್ಗೆ ಮಾಳಿಗೆ ಮೇಲಿಂದ ಹಾರಿಸಿಬಿಡಬೇಡಿ, ಮೂರು ವರ್ಷ ಅನ್ನ ತಿಂದ ಹಕ್ಕಿಗೆ ಹಣ್ಣು ಹುಡುಕೋದೂ ಗೊತ್ತಿರಲ್ಲ ಬೆಕ್ಕಿಗೆ ಹೆದರೋದೂ ಗೊತ್ತಿರಲ್ಲ. ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ನೀವೇ ಹೋಗಿ, ನಡೆದದ್ದು ನಡೆದ ಹಾಗೆ ಬರೆದು ಒಪ್ಪಿಸಿ, ಬರೆದುಕೊಟ್ಟದ್ದಕ್ಕೆ ಒಂದು ಕಾಪಿ ಸಹಿ ಮಾಡಿಸ್ಕೊಂಡು ಇಟ್ಕೊಳ್ಳಿ.

ಪ್ರಶ್ನೆ: ನಮ್ಮ ಕಾಲೇಜಿನ ನೇಚರ್ ಕ್ಲಬ್‌ನೋರು ಗಾಯಗೊಂಡ ಮಂಗಗಳನ್ನ ರೆಸ್ಕ್ಯೂ ಮಾಡ್ಬೇಕು ಅಂತಿದೀವಿ. ಏನೇನು ಜವಾಬ್ದಾರಿ ಇರುತ್ತೆ? – ತೀರ್ಥಹಳ್ಳಿಯ ವಿದ್ಯಾರ್ಥಿನಿ

ಮಲೆನಾಡಲ್ಲಿ ಕೂತು ಈ ಪ್ರಶ್ನೆ ಕೇಳ್ತಿದೀರ ಅಂದ್ರೆ ಮೊದಲು ಮಂಗನ ಕಾಯಿಲೆ ಮಾತೇ ಆಡ್ಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತಾಗಲೇ ಇದು ಗೊತ್ತಾಗಿದ್ದು, ಹರಡೋದು ಉಣ್ಣೆ ಅಂದ್ರೆ ರಕ್ತ ಹೀರೋ ಉಣುಗಿನಿಂದ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣ್ಣೆಗಳು ಕೆಳಗಿಳಿದು ಸುತ್ತಮುತ್ತ ಹರಡ್ತವೆ, ಹಾಗಾಗಿ ಸತ್ತ ಮಂಗ, ಮಂಕಾಗಿ ನೆಲಕ್ಕೆ ಬಿದ್ದಿರೋ ಮಂಗ ಕಂಡ್ರೆ, ಅದ್ರಲ್ಲೂ ಡಿಸೆಂಬರಿಂದ ಮೇವರೆಗೆ, ನೀವ್ಯಾರೂ ಹತ್ತಿರ ಹೋಗೋ ಹಾಗೇ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮತ್ತೆ ಫಾರೆಸ್ಟ್‌ನೋರಿಗೆ ಫೋನ್ ಮಾಡಿ, ಅವರು ಬಂದು ಸುತ್ತ ಔಷಧಿ ಹೊಡೆದು ಸ್ಯಾಂಪಲ್ ತಗೊಂಡು ಸುಡ್ತಾರೆ. ಕಾಡಿಗೆ ಹೋಗೋರು ಉಣ್ಣೆ ಹತ್ತದ ಹಾಗೆ ಡೀಪಾ ಎಣ್ಣೆ ಹಚ್ಕೊಂಡು ಹೋಗಿ, ಮೈ ತುಂಬಾ ಬಟ್ಟೆ ಹಾಕ್ಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ.

ಕರೆಂಟ್ ಹೊಡೆದು ತಾಯಿ ಸತ್ತು ಮರಿ ಒಂದು ಉಳಿದಿದೆ ಅಂದ್ರೂ ಹಾಸ್ಟೆಲ್ಲಿಗೆ ಎತ್ಕೊಂಡು ಬರಬೇಡಿ. ಬಾಟಲಿ ಹಾಲು ಕುಡಿದು ಬೆಳೆದ ಮಂಗ ದೊಡ್ಡದಾದ ಮೇಲೆ ಕಚ್ಚುತ್ತೆ, ಆಮೇಲೆ ಸಾಕಿದೋರೇ ದೂರ ಬಿಟ್ಟು ಬರ್ತಾರೆ, ಅಲ್ಲಿನ ಗುಂಪು ಸೇರಿಸ್ಕೊಳ್ಳಲ್ಲ. ಕ್ಲಬ್‌ನೋರು ಪ್ರಾಣಿ ಮುಟ್ಟೋ ಕೆಲಸಕ್ಕೆ ಇಳೀತೀರ ಅಂದ್ರೆ ಇಲಾಖೆಯವರ ಜೊತೇನೇ ಇಳೀರಿ, ಅದಕ್ಕೂ ಮುಂಚೆ ರೇಬಿಸ್ ಲಸಿಕೆ ಆಗಿರಲಿ. ಕಚ್ಚೋಕೆ ಮುಂಚೆ ಹಾಕ್ಸೋದು ಅಂತಲೇ ಇದೆ, ಮೊದಲ ದಿನ, ಏಳನೇ ದಿನ, ಆಮೇಲೆ 21 ಅಥವಾ 28ನೇ ದಿನ. ಅದಾದ ಮೇಲೂ ಕಚ್ಚಿದ್ರೆ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಪ್ರಶ್ನೆ: ಕಬ್ಬು ಕಡೀವಾಗ ಚಿರತೆ ಮರಿ ಸಿಕ್ಕಿದ್ರೆ ಯಾರಿಗೆ ಕೊಡ್ಬೇಕು? – ಮಂಡ್ಯದ ರೈತರು

ಯಾರಿಗೂ ಕೊಡಬೇಡಿ ಅಣ್ಣ, ಮುಟ್ಟಲೇಬೇಡಿ. ಕಟಾವು ನಿಲ್ಲಿಸಿ, ಆಳುಗಳನ್ನ ಆಚೆ ಕರ್ಕೊಂಡು ಬಂದು ಇಲಾಖೆಗೆ ಫೋನ್ ಹಾಕಿ. ತಾಯಿ ಹತ್ತಿರದಲ್ಲೇ ಇರುತ್ತೆ. ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬಿನ ಗದ್ದೇಲಿ ಸಿಕ್ಕಿದ ಮರಿಗಳನ್ನ ಡಾಕ್ಟರು ನೋಡಿ, ಸಂಜೆಗೆ ಅದೇ ಜಾಗದಲ್ಲಿ ಬುಟ್ಟೀಲೋ ಬಾಕ್ಸಲ್ಲೋ ಇಟ್ಟು ಕ್ಯಾಮೆರಾ ಕಟ್ತಾರೆ, ರಾತ್ರಿ ತಾಯಿ ಬಂದು ಕಚ್ಕೊಂಡು ಹೋಗಿರೋದು ಎಷ್ಟೋ ಸಲ ರೆಕಾರ್ಡ್ ಆಗಿದೆ. ಮರೀನ ಊರಿಗೆ ತಂದು ಸೆಲ್ಫಿ ತೆಗೆದು ದೂರ ಸಾಗಿಸಿದ್ರೆ ಆ ಮರಿಗೆ ಬಹುತೇಕ ಜೀವನಪೂರ್ತಿ ಪಂಜರಾನೇ. ಚಿರತೆ ಮರಿ ಅಂತ ಊರೆಲ್ಲಾ ಸೇರಿದ ಮೇಲೆ ನೋಡಿದ್ರೆ ಅದು ಕಾಡುಬೆಕ್ಕಿನ ಮರಿ ಆಗಿರೋದೂ ಉಂಟು, ಆಗಲೂ ಇದೇ ಮಾತು.

ಪ್ರಶ್ನೆ: ಇಲ್ಲಿ ನಮ್ಮ ಬ್ಯಾಕ್‌ಯಾರ್ಡಲ್ಲಿ ಬಿದ್ದಿದ್ದ ರಾಬಿನ್ ಮರೀನ ಮಗಳು ಒಳಗೆ ತಂದಳು, ಪಕ್ಕದ ಮನೆಯೋರು ಇದು ಫೆಡರಲ್ ಲಾ ವಯೋಲೇಷನ್ ಅಂದ್ರು. ಹೌದಾ? – ನ್ಯೂಜೆರ್ಸಿಯ ಕನ್ನಡಿಗರು

ಇಟ್ಕೊಂಡು ಸಾಕಿದ್ರೆ ಹೌದು. ರಾಬಿನ್ 1918ರ ವಲಸೆ ಹಕ್ಕಿ ಒಪ್ಪಂದದ ಕಾಯ್ದೆ ಕೆಳಗೆ ಬರುತ್ತೆ. ಆದ್ರೆ ಗಾಯದ ಹಕ್ಕೀನ ಎತ್ಕೊಂಡು ನೇರ ಲೈಸೆನ್ಸ್ ಇರೋ ರಿಹ್ಯಾಬಿಲಿಟೇಟರ್ (ಕಾಡುಪ್ರಾಣಿ ಆರೈಕೆ ಮಾಡೋರು) ಹತ್ರ ತಲುಪಿಸೋಕೆ ಯಾರಿಗೂ ಪರ್ಮಿಟ್ ಬೇಕಿಲ್ಲ. ಬೆಂಗಳೂರಿನ ಓದುಗರು ಕೇಳಿದ್ದು ನಿಮ್ಮೂರಿನ ಈ ಪದ್ಧತೀನೇ: ಹಕ್ಕಿಗಳ ಫೆಡರಲ್ ಪರ್ಮಿಟ್‌ಗೆ 18 ವರ್ಷ ಆಗಿರಬೇಕು, ಕನಿಷ್ಠ ಒಂದು ಪೂರ್ತಿ ವರ್ಷದಲ್ಲಿ 100 ಗಂಟೆ ಕೈಯಾರೆ ಮಾಡಿದ ಅನುಭವ ಇರಬೇಕು, ಸಾಮಾನ್ಯವಾಗಿ ಒಂದು ಹಕ್ಕೀನ 180 ದಿನಕ್ಕಿಂತ ಹೆಚ್ಚು ಇಟ್ಕೊಳ್ಳೋ ಹಾಗಿಲ್ಲ, ಅದರ ಜೊತೆ ರಾಜ್ಯದ ನಿಯಮ ಬೇರೆ.

ನಿಮ್ಮ ಮಗಳು ತಂದ ಮರಿಗೆ ಮೈತುಂಬಾ ಗರಿ ಇದ್ದು, ಬಾಲ ಮೋಟಾಗಿ, ಕುಪ್ಪಳಿಸ್ತಾ ಇದ್ರೆ ಅದಕ್ಕೆ ಏನೂ ಆಗಿಲ್ಲ, ಹಾರೋದು ಕಲೀತಾ ಇದೆ, ಅಪ್ಪ ಅಮ್ಮ ಅಲ್ಲೇ ಮರದ ಮೇಲಿಂದ ಬೈತಾ ಇರ್ತಾರೆ. ವಾಪಸ್ ಪೊದೆ ಹತ್ರ ಇಟ್ಟು ಬನ್ನಿ. ಮನುಷ್ಯರು ಮುಟ್ಟಿದ್ರೆ ತಾಯಿ ಹಕ್ಕಿ ಬಿಟ್ಟುಬಿಡುತ್ತೆ ಅನ್ನೋದು ಸುಳ್ಳು.

ಪ್ರಶ್ನೆ: ನಾನು ಹಾವು ಹಿಡೀತೀನಿ, ಫಾಲೋವರ್ಸ್ ಚೆನ್ನಾಗಿದಾರೆ, ಸರ್ಟಿಫಿಕೇಟ್ ಬೇಕೇಬೇಕಾ? – ಹೆಸರು ಬೇಡ ಅಂದವರು

ಕೇರಳದಲ್ಲಿ 2020ರಿಂದ ಅರಣ್ಯ ಇಲಾಖೇನೇ ಟ್ರೈನಿಂಗ್ ಕೊಟ್ಟು ಸರ್ಟಿಫಿಕೇಟ್ ಕೊಡುತ್ತೆ, ಹುಕ್ಕು, ಪೈಪು, ಚೀಲ ಬಳಸಿಯೇ ಹಿಡೀಬೇಕು, ಜನರ ಮುಂದೆ ಪ್ರದರ್ಶನ ಮಾಡೋ ಹಾಗಿಲ್ಲ. ನೀವು ನಿಮ್ಮ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಆಫೀಸಲ್ಲಿ ಹೋಗಿ ಕೇಳಿ, ಹೋಗುವಾಗ ಹೆಡೆಗೆ ಮುತ್ತು ಕೊಟ್ಟ ರೀಲ್ ತೋರಿಸಬೇಡಿ, ಅದೇ ಸಾಕ್ಷಿ ಆಗುತ್ತೆ.

ಪ್ರಶ್ನೆ: ಎಲ್ಲಾ ಸರಿ ಸರ್, ರಾತ್ರಿ ಹನ್ನೊಂದಕ್ಕೆ ಗೂಬೆ ಬಿದ್ದಿರುತ್ತೆ, ಯಾರೂ ಫೋನ್ ಎತ್ತಲ್ಲ. ಆಗ? – ಹುಬ್ಬಳ್ಳಿಯ ಓದುಗರು

ಈ ದೂರು ನಿಜ, ಎಲ್ಲಾ ಊರಿಂದಲೂ ಬರುತ್ತೆ. ಇಲಾಖೆಯ ಸಹಾಯವಾಣಿ 1926ಕ್ಕೆ ಮಾಡಿ, ಎತ್ತಲಿಲ್ಲ ಅಂದ್ರೆ 112ಕ್ಕೆ ಮಾಡಿ ತಿಳಿಸಿ, ಕಾಲ್ ಲಾಗ್ ಅಳಿಸಬೇಡಿ, ನೀವು ತಿಳಿಸೋಕೆ ಪ್ರಯತ್ನ ಪಟ್ಟಿದ್ದಕ್ಕೆ ಅದೇ ಪುರಾವೆ. ದಪ್ಪ ಟವೆಲ್ ಮೇಲಿಂದ ಹಾಕಿ, ಕಾಲಿನ ಉಗುರಿಗೆ ಹುಷಾರಾಗಿ ಎತ್ತಿ, ತೂತು ಮಾಡಿದ ರಟ್ಟಿನ ಬಾಕ್ಸಲ್ಲಿಟ್ಟು ಕತ್ತಲೆ ರೂಮಲ್ಲಿ ಬಿಡಿ. ಹಾಲು ಬೇಡ, ಅನ್ನ ಬೇಡ, ಕೊಕ್ಕು ಬಿಡಿಸಿ ನೀರು ಹಾಕೋದಂತೂ ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಹೋಗಿ ಸಾಯುತ್ತೆ. ಹತ್ತು ನಿಮಿಷಕ್ಕೊಂದ್ಸಲ ಮುಚ್ಚಳ ತೆಗೆದು ನೋಡಬೇಡಿ, ಮಕ್ಕಳಿಗೂ ತೋರಿಸಬೇಡಿ. ಸಿಕ್ಕಿದ ಜಾಗ ಬೀದಿ ಹೆಸರಿನ ಸಮೇತ ಬರೆದಿಡಿ, ಸಾಧ್ಯ ಇದ್ದಷ್ಟೂ ಅದನ್ನ ವಾಪಸ್ ಬಿಡೋದು ಅಲ್ಲೇ. ಬೆಳಿಗ್ಗೆ ಆಫೀಸ್ ತೆರೆಯೋ ಹೊತ್ತಿಗೆ ಬಾಕ್ಸ್ ಸಮೇತ ಅಲ್ಲಿರಿ.