ಕೈ ಇಳಿದ ಮೇಲೆ

(ಗುರುತು ಸಿಗದ ಹಾಗೆ ಉದ್ಯೋಗ, ವಯಸ್ಸು, ಓಣಿ ಬದಲಿಸಿದ್ದೇನೆ. ಬರೆಯಲು ದಂಪತಿ ಒಪ್ಪಿದ್ದಾರೆ.)

ಸಲಹೆ ಕೇಳಲು ನನ್ನ ಹತ್ತಿರ ಮೊದಲು ಬಂದವರು ಹೆಂಡತಿ. ಹುಬ್ಬಳ್ಳಿಯ ಕೇಶ್ವಾಪುರದ ಕಡೆಯವರು, ಹೊಲಿಗೆ ಕೆಲಸ. ಗಂಡ ನಲವತ್ತು ದಾಟಿದವರು, ಶಿಫ್ಟ್ ಡ್ಯೂಟಿ, ಸಭೆಯಲ್ಲಿ (ಚರ್ಚಿನಲ್ಲಿ) ಶುಕ್ರವಾರದ ಉಪವಾಸ ಪ್ರಾರ್ಥನೆ ನಡೆಸುವವರು. ವರ್ಷದ ಮೇಲೆ ಕುಡಿತ ಬಿಟ್ಟಿದ್ದರು, ಸಭೆಯ ಮುಂದೆ ನಿಂತು ಸಾಕ್ಷಿಯನ್ನೂ ಹೇಳಿದ್ದರು. ಈಗ ಮತ್ತೆ ಶುರುವಾಗಿ ನಾಲ್ಕು ತಿಂಗಳು. ಸಭೆಗೆ ಗೊತ್ತಿಲ್ಲ. ಬ್ಯಾಗಿನಿಂದ ಕುಡಿತ ಬಿಡಿಸುವ ಒಂದು ಪುಡಿಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು.

“ಸಾರಿನ್ಯಾಗ ಗೊತ್ತಾಗದಂಗ ಕಲಿಸಿ ಹಾಕ್ರಿ ಅಂದಾರ. ಹಾಕ್ಲೇನ್ರಿ?”

ಹಾಕಬೇಡಿ ಅಂದೆ. ಇಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದು, ಅದು ಗೊತ್ತಿಲ್ಲದೆ ಮನುಷ್ಯ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ವೈದ್ಯರು ರೋಗಿಗೆ ಹೇಳಿ, ಅವನನ್ನು ಒಪ್ಪಿಸಿ ಕೊಡುವ ಔಷಧ ಅದು. ಕದ್ದು ಹಾಕುವಂಥದ್ದಲ್ಲ.

ಎರಡು ದಿನ ಬಿಟ್ಟು ಗಂಡನೇ ಬಂದರು. ಕೈಯಲ್ಲಿ ಬೈಬಲ್, ವಿಮೋಚನಕಾಂಡ 17ನೇ ಅಧ್ಯಾಯದ ಹತ್ತಿರ ಬೆರಳಿಟ್ಟಿದ್ದರು. ರೆಫೀದೀಮಿನಲ್ಲಿ ಅಮಾಲೇಕ್ಯರ ಜೊತೆ ಯುದ್ಧ. ಇಸ್ರಾಯೇಲ್ಯರ ನಾಯಕ ಮೋಶೆ ಗುಡ್ಡದ ಮೇಲೆ ಕೈ ಎತ್ತಿದಾಗ ಅವರ ಕೈ ಮೇಲು, ಇಳಿಸಿದಾಗ ಅಮಾಲೇಕ್ಯರ ಕೈ ಮೇಲು. “ನನ್ನ ಕೈ ಇಳದಾವ್ರಿ. ವಿಶ್ವಾಸ ಇದ್ದಿದ್ರ ಇಳೀತಿದ್ವೇನು?” ವಿಷಯ ಗೊತ್ತಿದ್ದ ಒಬ್ಬ ಹಿರಿಯರು ಬಾಟಲಿ ಒಡೆದು ಮೂರು ದಿನ ಉಪವಾಸ ಕೂಡ್ರಲು ಹೇಳಿದ್ದರಂತೆ. ಹಿಂದಿನ ರಾತ್ರಿಯೇ ಶುರು ಮಾಡಿದ್ದರು.

ನಾನು ವಚನ ಕೇಳುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಚಹಾದ ಬಸಿ ಹಿಡಿಯಲಾಗದೆ ಕೆಳಗಿಟ್ಟರು. ಫ್ಯಾನಿನ ಕೆಳಗೆ ಕೂತರೂ ಅಂಗಿಯ ಕಾಲರ್ ತೊಯ್ದಿತ್ತು. ದಿನಾ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ ಶುರುವಾಗುತ್ತದೆ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಭ್ರಮೆ, ಬಡಬಡಿಕೆ, ಕೆಲವರಲ್ಲಿ ಸಾವು. ಮನೆಯವರು ಇದನ್ನು ದೆವ್ವ ಅಂದುಕೊಂಡು ಪ್ರಾರ್ಥನೆಗೆ ಕೂಡ್ರಿಸುವುದೂ ಉಂಟು. ಬರೀ ಹೊಟ್ಟೆಯ ಉಪವಾಸ ಅದಕ್ಕೆ ಇನ್ನಷ್ಟು ಕೆಡುಕು. ಬಿ-1 ಜೀವಸತ್ವದ ಕೊರತೆ ಮೊದಲೇ ಇರುತ್ತದೆ, ಅದು ಮಿದುಳನ್ನು ಹೊಡೆಯುತ್ತದೆ.

ಹಾಗಾಗಿ ಅವತ್ತಿನ ಸಲಹೆ ಒಂದೇ: ಮೋಶೆಯ ಮಾತು ಆಮೇಲೆ, ಈಗಲೇ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ನಡೆಯಿರಿ. “ದವಾಖಾನಿಗೆ ಹೋದ್ರ ದೇವರ ಮ್ಯಾಲೆ ಭರೋಸೆ ಇಲ್ಲ ಅಂತ ಆಗತೈತಿ” ಅಂದರು. ಅದೇ ಅಧ್ಯಾಯದ 9ನೇ ವಚನ ಓದಿಸಿದೆ. ಮೋಶೆ ಗುಡ್ಡ ಹತ್ತುವ ಮೊದಲು ಯೆಹೋಶುವನಿಗೆ ಆಳುಗಳನ್ನು ಆರಿಸಿಕೊಂಡು ಯುದ್ಧಕ್ಕೆ ಹೋಗು ಅನ್ನುತ್ತಾನೆ. ಗುಡ್ಡದ ಮೇಲಿನ ಕೈ ಕೆಳಗಿನ ಕತ್ತಿಯನ್ನು ಬೇಡ ಅನ್ನಲಿಲ್ಲ. ಸಂಜೆ ಹೆಂಡತಿ, ಮೈದುನ ಸೇರಿ ಕರೆದುಕೊಂಡು ಹೋದರು, ಅಡ್ಮಿಟ್ ಆದರು.

ಬಿಡುಗಡೆಯಾಗಿ ಬಂದ ಮೇಲೆ ಆ ಅಧ್ಯಾಯವನ್ನು ನಿಧಾನಕ್ಕೆ ಓದಿದೆವು. ಈ ಯುದ್ಧದ ಮೇಲೆ ಕೇಳಿದ ಪ್ರಸಂಗಗಳಲ್ಲಿ ಬಹಳಷ್ಟು ಎತ್ತಿದ ಕೈಯ ಮೇಲೇ ನಿಲ್ಲುತ್ತವೆ. ನನಗೆ 12ನೇ ವಚನ ಮುಖ್ಯ. ಮೋಶೆಯ ಕೈಗಳು ಭಾರವಾದವು. ಈಜಿಪ್ಟಿನ ದೊರೆ ಫರೋಹನ ಮುಂದೆ ನಿಂತಾಗಲೇ ಅವನಿಗೆ 80 ವರ್ಷ. ಕೈ ಸೋತದ್ದಕ್ಕೆ ಅಲ್ಲಿ ಯಾರೂ ಬೈಯುವುದಿಲ್ಲ, ದೇವರೂ ಬೈಯುವುದಿಲ್ಲ. ಒಂದು ಕಲ್ಲು ತಂದು ಕೂಡ್ರಿಸುತ್ತಾರೆ. ಆರೋನ ಒಂದು ಬದಿ, ಹೂರ ಒಂದು ಬದಿ ಹೊತ್ತು ಮುಳುಗುವ ತನಕ ಕೈ ಹಿಡಿಯುತ್ತಾರೆ. ಇವರು ಎಷ್ಟೋ ಸಲ ಇದನ್ನು ಓದಿದ್ದರು. ಕಲ್ಲಿನ ಮೇಲೆ ಎಂದೂ ಕಣ್ಣು ನಿಂತಿರಲಿಲ್ಲ. “ಕುಂತs ಪ್ರಾರ್ಥನೆ ಮಾಡ್ಯಾನಲ್ರಿ!” ಅಂದರು, ಅಷ್ಟು ದಿನದಲ್ಲಿ ಮೊದಲ ಸಲ ನಕ್ಕು.

ಇವರ ಮನೆತನ ಬೆಟಗೇರಿಯದು, ಬಾಸೆಲ್ ಮಿಷನ್ ಕಾಲದಿಂದ ಸಭೆಯವರು. ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂದದ್ದು, ಅಜ್ಜನ ಅಜ್ಜ ದೀಕ್ಷಾಸ್ನಾನ ಪಡೆದದ್ದು, ಎಲ್ಲ ಬಾಯಿಪಾಠ. ಅಂಥ ಮನೆಯಲ್ಲಿ ಕುಡುಕ ಅನ್ನಿಸಿಕೊಳ್ಳುವ ನಾಚಿಕೆ ಸಣ್ಣದಲ್ಲ. ನಾಚಿಕೆಯೇ ಮುಚ್ಚಿಡಿಸಿತ್ತು, ಮುಚ್ಚಿಟ್ಟದ್ದೇ ಮತ್ತೆ ಕುಡಿಸಿತ್ತು.

ಮರುಕಳಿಸಿದ್ದು ಯಾವಾಗ ಎಂದು ಕೇಳಿದೆ. “ಸೈತಾನ ಬಿಡಲಿಲ್ಲ” ಅಂದರೆ ನನಗೆ ಸಾಲದು, ವಾರ, ವೇಳೆ ಬೇಕು. ಧರ್ಮೋಪದೇಶಕಾಂಡ 25ನೇ ಅಧ್ಯಾಯದಲ್ಲಿ ಮೋಶೆ ಇದೇ ಯುದ್ಧವನ್ನು ನೆನಪಿಸುತ್ತಾನೆ: ಜನ ದಣಿದು ಬಳಲಿದ್ದಾಗ, ಹಿಂದೆ ಬಿದ್ದ ನಿತ್ರಾಣಿಗಳನ್ನು ಅಮಾಲೇಕ್ಯರು ಹೊಡೆದರು ಎಂದು. ಹಾಗಾದರೆ ನಿಮ್ಮ ಹಿಂಭಾಗ ಯಾವುದು? ಲೆಕ್ಕ ಹಾಕಿದಾಗ ಸಿಕ್ಕದ್ದು ಇಷ್ಟು: ಸೆಕೆಂಡ್ ಶಿಫ್ಟ್ ಮುಗಿದ ರಾತ್ರಿ, ಊಟ ಆಗಿರುವುದಿಲ್ಲ, ದಾರಿಯಲ್ಲಿ ಬಾರಿನ ದೀಪ. ಇನ್ನೊಂದು, ಶುಕ್ರವಾರ ಪ್ರಾರ್ಥನೆ ಮುಗಿದ ಸಂಜೆ. ಇದನ್ನು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಎಲ್ಲರ ಭಾರ ಹೊತ್ತು, ತಾನು ಸುಳ್ಳುಗಾರ ಎಂಬ ಭಾರವನ್ನೂ ಹೊತ್ತು, ಹಸಿದು ಹೊರಗೆ ಬೀಳುವ ಹೊತ್ತು ಅದು.

ಪ್ರಾರ್ಥನೆ ನಡೆಸುವುದನ್ನು ಸದ್ಯಕ್ಕೆ ಬಿಡಿ, ಹಿಂದಿನ ಬೆಂಚಿನಲ್ಲಿ ಕೂಡ್ರಿ, ಉಪವಾಸ ಬೇಡ ಎಂದೆ. ಪಾಸ್ಟರಿಗೆ ತಾವಾಗಿಯೇ ಹೇಳಬೇಕೆಂದೂ ಕೇಳಿಕೊಂಡೆ, ಹೇಳಿದರು. ಪಾಸ್ಟರು ಮರುಮಾತಿಲ್ಲದೆ ಒಪ್ಪಿದ್ದು ನನಗೂ ಆಶ್ಚರ್ಯ. ಶಿಫ್ಟ್ ಬಿಡುವ ಮೊದಲು ಡಬ್ಬಿಯ ರೊಟ್ಟಿ ತಿನ್ನುವುದು, ಸಹೋದ್ಯೋಗಿಯ ಬೈಕಿನಲ್ಲಿ ಬೇರೆ ದಾರಿಯಿಂದ ಬರುವುದು. ಮಾತ್ರೆ ವೈದ್ಯರು ನಿಲ್ಲಿಸುವ ತನಕ. 14ನೇ ವಚನದಲ್ಲಿ ನಡೆದದ್ದನ್ನು ಬರೆದಿಡು ಎಂದು ಮೋಶೆಗೆ ಅಪ್ಪಣೆಯಾಗುತ್ತದೆ. ಇವರಿಗೂ ಒಂದು ನೋಟ್‌ಬುಕ್: ಆಸೆ ಎದ್ದ ಹೊತ್ತು, ಆಗ ಹೊಟ್ಟೆ, ನಿದ್ದೆ, ಸಿಟ್ಟು ಹೇಗಿತ್ತು. ನಡುರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಆರೋನ, ಹೂರ ಯಾರು? “ಒಬ್ಬಾಕಿ ಇಕಿ ಅದಾಳಲ್ರಿ” ಎಂದು ಹೆಂಡತಿಯತ್ತ ತೋರಿಸಿದರು. ಆಕೆ ಸೆರಗಿನ ತುದಿ ಸುತ್ತುತ್ತ ಕೂತಿದ್ದರು. “ಹನ್ನೆರಡ ವರ್ಷ ಎರಡೂ ಕೈ ನಾನs ಹಿಡದೀನ್ರಿ. ನನ್ನ ಕೈ ಯಾರು ಹಿಡೀಬೇಕು?”

ಈ ಪ್ರಶ್ನೆಗೆ ಆ ಅಧ್ಯಾಯದಲ್ಲಿ ಉತ್ತರವಿಲ್ಲ. ಆರೋನನ ತೋಳು ನೋಯಿತೋ ಇಲ್ಲವೋ ಬರೆದಿಲ್ಲ. ಇಬ್ಬರಿದ್ದರು ಅನ್ನುವುದಷ್ಟೇ ಇದೆ. ಹಾಗಾಗಿ ಆಕೆಯನ್ನು ಪಟ್ಟಿಯಿಂದಲೇ ತೆಗೆದೆ. ಒಂದು ಬದಿಗೆ ಮೈದುನ, ಇನ್ನೊಂದು ಬದಿಗೆ ಕುಡಿತ ಬಿಟ್ಟು ಬಹಳ ವರ್ಷವಾದ, ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗುವ ಒಬ್ಬ ಹಿರಿಯರು. ಅವರು ಲಿಂಗಾಯತರು. ನಡೆಯುತ್ತದೆಯೇ ಎಂದು ಇವರು ಅಳುಕಿದರು. ಫೋನು ಎತ್ತುತ್ತಾರಾ, ಅಷ್ಟು ನೋಡ್ರಿ ಅಂದೆ. ಹೆಂಡತಿ ಇನ್ನು ಜೇಬು ತಡಕುವುದು, ಬಾಯಿ ಮೂಸುವುದು ಬೇಡ. ಸಂಬಳದ ಒಂದು ಪಾಲು ನೇರ ಆಕೆಯ ಖಾತೆಗೆ. ಕೈ ಎತ್ತಿದರೆ, ಹೊಡೆದರೆ, ಮಹಿಳಾ ಸಹಾಯವಾಣಿ 181ಕ್ಕೆ ಕರೆ. ಇದನ್ನು ಗಂಡನ ಎದುರಿಗೇ ಹೇಳಿದೆ.

ಆ ಅಧ್ಯಾಯ ಗೆಲುವಿನಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದರು. ಕೊನೆಯ ವಚನ ಓದಿಸಿದೆ: ಅಮಾಲೇಕ್ಯರ ಮೇಲಿನ ಯುದ್ಧ ತಲೆತಲಾಂತರಕ್ಕೂ ಇದ್ದೇ ಇದೆ. ಅದಕ್ಕೇ ಇವರಿಗೆ ಬಿಡುಗಡೆಯ ಸಾಕ್ಷಿಯನ್ನು ಸದ್ಯಕ್ಕೆ ಮತ್ತೆ ಹೇಳಬೇಡಿ ಅಂದಿದ್ದೇನೆ.

ಕ್ರಿಸ್‌ಮಸ್ ಮುಗಿದ ವಾರ ಒಂದು ರಾತ್ರಿ ಕುಡಿದರು. ಮುಚ್ಚಿಡಲಿಲ್ಲ, ಅವತ್ತೇ ಆ ಹಿರಿಯರಿಗೆ ಫೋನ್ ಮಾಡಿದರು, ಮರುದಿನ ಡಿಮ್ಹಾನ್ಸ್‌ಗೆ ಹೋದರು. ಹೆಂಡತಿ ಆ ರಾತ್ರಿ ಗದಗಿನಲ್ಲಿ ತಂಗಿಯ ಮನೆಯಲ್ಲಿದ್ದರು, ವಿಷಯ ತಿಳಿದರೂ ಓಡಿ ಬರಲಿಲ್ಲ. ಶುಕ್ರವಾರದ ಪ್ರಾರ್ಥನೆ ಮತ್ತೆ ಯಾವಾಗ ನಡೆಸಲಿ ಎಂದು ಅವರು ಕೇಳುತ್ತಲೇ ಇದ್ದಾರೆ. ನಾನಿನ್ನೂ ಹೂಂ ಅಂದಿಲ್ಲ.