ನಿಲ್ಲಿಸಿಟ್ಟ ಮೋಟರ್‌ಹೋಮ್‌ನ ರಬ್ಬರನ್ನು ರಣಹದ್ದುಗಳು ಕಿತ್ತುಹಾಕದಂತೆ ಏನು ಮಾಡಬೇಕು?

ಚಳಿಗಾಲದಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ವಾಸಿಸಬಹುದಾದ ಮನೆಯಂಥ ಗಾಡಿ, ತೆಗೆದುಕೊಂಡು ಅಮೆರಿಕದ ದಕ್ಷಿಣ ಫ್ಲಾರಿಡಾ ಕಡೆ ಹೊರಟಿದ್ದೀರಿ. ಗಾಡಿ ನಿಲ್ಲಿಸಿ ಕಾಡು ಸುತ್ತಲು ಹೋದಾಗ ರಣಹದ್ದುಗಳು ವೈಪರ್, ಗಾಜಿನ ಸುತ್ತಲಿನ ರಬ್ಬರ್ ಎಲ್ಲವನ್ನೂ ಹರಿದು ಹಾಕುತ್ತವಂತೆ, ಚಾವಣಿಯ ಮೇಲೆ ಪ್ಲಾಸ್ಟಿಕ್ ಗೂಬೆ ಕೂರಿಸಿದರೆ ಸಾಕೇ ಎಂದು ಕೇಳಿದ್ದೀರಿ. ಆಮೇಲೆ ಎರಡು ತಿಂಗಳು ಗಾಡಿಯನ್ನು ಬಯಲಲ್ಲೇ ಬಿಟ್ಟು ಬರಬೇಕು ಎಂದೂ ಬರೆದಿದ್ದೀರಿ.

ಗೂಬೆ ಸಾಲದು. ಆ ದುಡ್ಡಿಗೆ ಒಂದು ಒಳ್ಳೆಯ ಟಾರ್ಪಾಲು ತೆಗೆದುಕೊಳ್ಳಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂದರೆ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ, ನಷ್ಟವನ್ನೂ ಅನುಭವಿಸಿದ್ದೇನೆ.

ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಆನ್‌ಹಿಂಗಾ ಟ್ರೇಲ್ ಎಂಬ ನಡೆದಾರಿ ಇದೆ. ಸುಮಾರು 1.3 ಕಿ.ಮೀ. ಅಷ್ಟೇ, ಮೊಸಳೆ ಜಾತಿಯ ಆಲಿಗೇಟರ್‌ಗಳನ್ನು, ನೀರುಹಕ್ಕಿಗಳನ್ನು ಹತ್ತಿರದಿಂದ ನೋಡಬಹುದು. ಅಲ್ಲಿ ಗಾಡಿ ನಿಲ್ಲಿಸುವ ಜಾಗದಲ್ಲಿ ರಣಹದ್ದುಗಳ ಕಾಟ ಎಷ್ಟೆಂದರೆ, ಉದ್ಯಾನದವರೇ ಟಾರ್ಪಾಲು ಮತ್ತು ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗಗಳನ್ನು ಇಟ್ಟಿರುತ್ತಾರೆ. ಬಂದವರು ಗಾಡಿಗೆ ಹೊದಿಸಿ, ಹೋಗುವಾಗ ವಾಪಸ್ ಇಟ್ಟು ಹೋಗಬೇಕು. ಎಚ್ಚರಿಕೆಯ ಫಲಕವನ್ನು ನಾನು ಓದಿದ್ದೆ. ಒಂದೂವರೆ ಗಂಟೆಯಲ್ಲಿ ಏನಾಗುತ್ತದೆ ಎಂದುಕೊಂಡು ಹಾಗೆಯೇ ನಡೆದುಬಿಟ್ಟೆ.

ವಾಪಸ್ ಬಂದಾಗ ಚಾವಣಿಯ ಮೇಲೆ ಐದು, ಬಾನೆಟ್ ಮೇಲೆ ಒಂದು. ಬಾನೆಟ್ ಮೇಲಿದ್ದದ್ದು ನಾನು ಹತ್ತಡಿ ದೂರಕ್ಕೆ ಬಂದರೂ ಕದಲಲಿಲ್ಲ. ಒಂದು ಕಾಲನ್ನು ವಿಂಡ್‌ಶೀಲ್ಡ್‌ನ ಬುಡಕ್ಕೆ ಒತ್ತಿ ಇಟ್ಟಿತ್ತು. ಕೊಕ್ಕಿನ ತುದಿಯ ಕೊಂಡಿಯಿಂದ ಗಾಜಿನ ಮೂಲೆಯ ರಬ್ಬರನ್ನು ಎತ್ತಿ, ಕಚ್ಚಿ ಹಿಡಿದು, ಮೈಯ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಜಗ್ಗುತ್ತಿತ್ತು. ರಬ್ಬರ್ ಗೇಣುದ್ದ ಹಿಗ್ಗಿ ಕೊಕ್ಕಿನಿಂದ ಜಾರಿ ಪಟ್ಟೆಂದು ಗಾಜಿಗೆ ಬಡಿಯುತ್ತಿತ್ತು. ಅದು ತಲೆ ಓರೆ ಮಾಡಿ ನೋಡಿ, ಮತ್ತೆ ಅದೇ ಮೂಲೆಗೆ ಕೊಕ್ಕು ಹಾಕುತ್ತಿತ್ತು. ಕೆಳಗೆ ನೆಲದ ಮೇಲೆ ಹರಿದ ಸೈಕಲ್ ಟ್ಯೂಬಿನ ಹಾಗೆ ಕಪ್ಪು ಚೂರುಗಳು ಬಿದ್ದಿದ್ದವು. ಎರಡೂ ವೈಪರ್‌ಗಳ ರಬ್ಬರ್ ಆಗಲೇ ಮುಗಿದಿತ್ತು.

ವೈಪರ್ ಬದಲಾಯಿಸಿದೆ, ಗಾಜಿನ ರಬ್ಬರನ್ನೂ ಹಾಕಿಸಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡದ್ದೇ ತಪ್ಪು. ಚಾವಣಿ ಹತ್ತಿ ನೋಡಲಿಲ್ಲ. ಮೂರು ವಾರದ ಮೇಲೆ ಒಂದು ಜೋರು ಮಳೆ ಬಂದಾಗ ಹಾಸಿಗೆಯ ಮೇಲಿನ ಒಳಚಾವಣಿಯಲ್ಲಿ ಅಂಗೈಯಷ್ಟು ಕಂದು ಕಲೆ ಕಾಣಿಸಿತು. ಮೇಲೆ ಹತ್ತಿದರೆ, ಗಾಳಿಕಿಂಡಿಯ ಸುತ್ತ ನೀರು ಇಳಿಯದಂತೆ ಸಂದು ಮುಚ್ಚಲು ಬಳಿದಿದ್ದ ಸೀಲಂಟ್ ಹೆಬ್ಬೆರಳಿನಷ್ಟು ಉದ್ದಕ್ಕೆ ಕಿತ್ತುಹೋಗಿದೆ. ಅಷ್ಟು ಸಣ್ಣ ಸಂದಿನಿಂದ ಇಳಿದ ನೀರು ಕೆಳಗಿನ ಮರದ ಹಲಗೆಯನ್ನು ಮೆತ್ತಗೆ ಮಾಡಿತ್ತು. ಇಂಥ ಗಾಡಿಗಳಲ್ಲಿ ದೊಡ್ಡ ಖರ್ಚು ಬರುವುದೇ ಹೀಗೆ. ವೈಪರ್ ಹೋದರೆ ಕಣ್ಣಿಗೆ ಕಾಣುತ್ತದೆ, ಚಾವಣಿಯ ಸೀಲಂಟ್ ಹೋದರೆ ಕಾಣುವುದಿಲ್ಲ. ಹಾಗಾಗಿ ನಿಮ್ಮ ಚಿಂತೆಯಲ್ಲಿ ಮೊದಲ ಸ್ಥಾನ ಚಾವಣಿಗೆ ಇರಲಿ.

ಈಗ ಹಕ್ಕಿಯ ವಿಷಯ. ಅಲ್ಲಿ ಎರಡು ಜಾತಿಯವು ಸಿಗುತ್ತವೆ. ಒಂದು ಟರ್ಕಿ ವಲ್ಚರ್: ಕೆಂಪು ಬೋಳುತಲೆ, ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ಓಲಾಡುತ್ತಾ ತೇಲುತ್ತದೆ, ವಾಸನೆ ಹಿಡಿದು ಸತ್ತ ಪ್ರಾಣಿಯನ್ನು ಹುಡುಕುತ್ತದೆ. ಇನ್ನೊಂದು ಬ್ಲ್ಯಾಕ್ ವಲ್ಚರ್: ಬೂದು ಕಪ್ಪು ತಲೆ, ಮೋಟು ಬಾಲ, ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ. ತೂಕ ಸುಮಾರು 2 ಕೆ.ಜಿ., ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆ ಮೀಟರ್. ನಮ್ಮ ಗಾಡಿಗಳಿಗೆ ಕಾಟ ಕೊಡುವುದು ಹೆಚ್ಚಾಗಿ ಈ ಎರಡನೆಯದು. ಇದು ಗುಂಪಿನ ಹಕ್ಕಿ. ಒಂದು ಕೂತರೆ ಉಳಿದವು ನೋಡಿಕೊಂಡು ಬಂದು ಕೂರುತ್ತವೆ. ಇವುಗಳ ಕಾಲಿಗೆ ಗಿಡುಗದ ಹಾಗೆ ಹಿಡಿದು ಸೀಳುವ ಶಕ್ತಿ ಇಲ್ಲ, ಎಲ್ಲ ಕೆಲಸವೂ ಕೊಕ್ಕಿನಿಂದಲೇ. ಸತ್ತ ಪ್ರಾಣಿಯ ತೊಗಲಿನಲ್ಲಿ ಒಂದು ಸಡಿಲ ಅಂಚನ್ನು ಹುಡುಕಿ, ಅಲ್ಲಿಂದ ಎಳೆಯುತ್ತಾ ಹೋಗುವುದು ಅವುಗಳ ಉಣ್ಣುವ ರೀತಿ. ಗಾಡಿಯ ರಬ್ಬರಿನ ಮೇಲೂ ಅದನ್ನೇ ಮಾಡುತ್ತವೆ. ನನಗೆ ಇದು ಅರ್ಥವಾದ ಮೇಲೆ ಕೆಲಸ ಸುಲಭವಾಯಿತು: ಕೊಕ್ಕಿಗೆ ಅಂಚು ಸಿಗಬಾರದು. ನಯವಾಗಿ ಅಂಟಿಕೊಂಡ ರಬ್ಬರ್ ಬಹುಮಟ್ಟಿಗೆ ಉಳಿಯುತ್ತದೆ, ಮೂಲೆ ಎದ್ದ ರಬ್ಬರ್ ಉಳಿಯುವುದಿಲ್ಲ.

ಹೊತ್ತಿನ ಲೆಕ್ಕವೂ ಗೊತ್ತಿರಲಿ. ರಣಹದ್ದುಗಳಿಗೆ ಮೇಲೇರಲು ಬಿಸಿಗಾಳಿ ಬೇಕು. ನೆಲ ಕಾಯುವವರೆಗೆ, ಅಂದರೆ ಬೆಳಗಿನ ಹೊತ್ತು, ಅವು ರೆಕ್ಕೆ ಬಿಚ್ಚಿಕೊಂಡು ಬಿಸಿಲು ಕಾಯಿಸುತ್ತಾ ಕೂತಿರುತ್ತವೆ. ಮತ್ತೆ ಸಂಜೆ ಮರಗಳಿಗೆ ಮರಳುವ ಮುಂಚೆ ಸುತ್ತಮುತ್ತ ಕೂರುತ್ತವೆ. ಎತ್ತರದ, ಬಿಸಿಲು ಬೀಳುವ, ಚಪ್ಪಟೆಯಾದ ಮೋಟರ್‌ಹೋಮ್ ಚಾವಣಿ ಅವುಗಳಿಗೆ ಹೇಳಿ ಮಾಡಿಸಿದ ಜಾಗ. ಮಧ್ಯಾಹ್ನ ಎಷ್ಟೋ ಹಕ್ಕಿಗಳು ಆಕಾಶದಲ್ಲಿರುತ್ತವೆ. ನಡೆಯಲು ಹೋಗುವುದನ್ನು ಆ ಹೊತ್ತಿಗೆ ಇಟ್ಟುಕೊಳ್ಳಲು ಆಗುವುದಾದರೆ ಒಳ್ಳೆಯದು, ಆದರೆ ಅದನ್ನೇ ನಂಬಿ ಹೊದಿಕೆ ಬಿಡಬೇಡಿ.

ನಿಲ್ಲಿಸುವ ಜಾಗ ಆರಿಸುವಾಗ ತಲೆ ಎತ್ತಿ ನೋಡಿ. ಒಣಗಿದ ಬೋಳು ಮರ, ಎತ್ತರದ ಗೋಪುರ, ಕಸದ ದೊಡ್ಡ ಡಬ್ಬ, ಮೀನು ಕುಯ್ಯುವ ಕಟ್ಟೆ ಇವುಗಳ ಹತ್ತಿರ ಬೇಡ. ನೆಲದ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಹಿಕ್ಕೆ ಇದ್ದರೆ ಅದು ಅವುಗಳ ಕಾಯಂ ಜಾಗ, ಮುಂದಕ್ಕೆ ಹೋಗಿಬಿಡಿ. ಜನ ಓಡಾಡುವ, ಗಾಡಿಗಳು ಬಂದು ಹೋಗುವ ಕಡೆ ನಿಲ್ಲಿಸಿದರೆ ಸ್ವಲ್ಪ ಕಡಿಮೆ.

ಟಾರ್ಪಾಲು ಹೊದಿಸುವುದರಲ್ಲಿ ಒಂದು ಸೂಕ್ಷ್ಮ ಇದೆ. ಸಡಿಲವಾಗಿ ಹೊದಿಸಿದರೆ ಗಾಳಿಗೆ ಪಟಪಟ ಬಡಿದು ಬಣ್ಣವನ್ನು ಉಜ್ಜಿ ಹಾಕುತ್ತದೆ. ಹಕ್ಕಿ ಮಾಡದ ಹಾನಿಯನ್ನು ಟಾರ್ಪಾಲೇ ಮಾಡೀತು. ಅಂಚು ನೇತಾಡುತ್ತಿದ್ದರೆ ಕೊಕ್ಕಿಗೂ ಹಿಡಿತ ಸಿಕ್ಕಿತು. ಸ್ವಲ್ಪ ಹೊತ್ತಿನ ನಿಲುಗಡೆಗೆ ಇಡೀ ಗಾಡಿಯನ್ನು ಮುಚ್ಚುವ ಅಗತ್ಯವಿಲ್ಲ. ನಾನು ಮಾಡುವುದು ಹೀಗೆ: ಮುಂಗಾಜು, ವೈಪರ್, ಬಾನೆಟ್ ಮುಚ್ಚುವಷ್ಟು ಒಂದು ತುಂಡು. ಅದರ ಎರಡೂ ಪಕ್ಕದ ಅಂಚನ್ನು ಮುಂದಿನ ಬಾಗಿಲುಗಳ ಒಳಗೆ ಸಿಕ್ಕಿಸಿ ಬಾಗಿಲು ಹಾಕುತ್ತೇನೆ, ಗಾಳಿ ಎಷ್ಟು ಬೀಸಿದರೂ ಹಾರುವುದಿಲ್ಲ. ಕೆಳಗಿನ ಅಂಚನ್ನು ಮಾತ್ರ ಎಲಾಸ್ಟಿಕ್ ಹಗ್ಗದಿಂದ ಬಿಗಿಯುತ್ತೇನೆ. ಕೊಕ್ಕೆಗಳು ಬಣ್ಣಕ್ಕೆ ತಾಗದಂತೆ ಹಳೆಯ ಕಾಲುಚೀಲ ತೊಡಿಸಿರುತ್ತೇನೆ. ಹೊದಿಸುವ ಮುಂಚೆ ಗಾಜಿನ ಮೇಲಿನ ಧೂಳು ಒರೆಸಿ, ಇಲ್ಲದಿದ್ದರೆ ಅದೇ ಮರಳುಕಾಗದದ ಕೆಲಸ ಮಾಡುತ್ತದೆ. ಪಕ್ಕದ ಕನ್ನಡಿಗಳಿಗೆ ಎರಡು ಬಟ್ಟೆ ಚೀಲ. ಹೊರಕ್ಕೆ ಸರಿಯುವ ಕೋಣೆ ಇದ್ದರೆ ಅದನ್ನು ಒಳಕ್ಕೆ ಎಳೆದೇ ಹೋಗಿ, ಅದರ ಸುತ್ತಲಿನ ಉದ್ದನೆಯ ರಬ್ಬರ್ ಪಟ್ಟಿ, ಮೇಲಿನ ಬಟ್ಟೆ ಎರಡೂ ಕೊಕ್ಕಿಗೆ ಸುಲಭದ ತುತ್ತು. ನೆರಳಿನ ಬಟ್ಟೆಯನ್ನೂ ಸುತ್ತಿ ಇಡಿ.

ಚಾವಣಿಗೆ ಬರೋಣ. ಹೊರಡುವ ಮುಂಚೆ ಒಮ್ಮೆ ಹತ್ತಿ, ನಿಧಾನವಾಗಿ ಮೊಣಕಾಲಿನ ಮೇಲೆ ಸರಿಯುತ್ತಾ, ಗಾಳಿಕಿಂಡಿ, ಏಸಿ, ಆಂಟೆನಾ, ಸೋಲಾರ್ ಫಲಕದ ಕಾಲುಗಳು, ಶೌಚದ ಗಾಳಿಕೊಳವೆ ಇವುಗಳ ಸುತ್ತಲಿನ ಸೀಲಂಟನ್ನು ಬೆರಳಿನಿಂದ ಮುಟ್ಟಿ ನೋಡಿ. ಒಣಗಿ ಬಿರುಕು ಬಿಟ್ಟದ್ದು, ಅಂಚು ಎದ್ದದ್ದು ಸಿಕ್ಕರೆ ಅಲ್ಲೇ ಸರಿಪಡಿಸಿ. ನಿಮ್ಮ ಚಾವಣಿಯ ಹೊದಿಕೆ ಇಪಿಡಿಎಂ ಎಂಬ ಬಗೆಯ ಕೃತಕ ರಬ್ಬರ್‌ನದ್ದಾದರೆ ಪೆಟ್ರೋಲಿಯಂ ಮೂಲದ ದ್ರಾವಣ, ಅಂಟು ಏನನ್ನೂ ಹಾಕಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಆ ಚಾವಣಿಗೆಂದೇ ಇರುವ, ತಾನೇ ಹರಡಿಕೊಂಡು ಸಮವಾಗುವ ಸೀಲಂಟ್ ಹಾಕಿ. ಅಂಚು ತೆಳ್ಳಗಾಗಿ ಚಾವಣಿಗೆ ಬೆರೆತು ಹೋಗುವುದರಿಂದ ಕೊಕ್ಕಿಗೆ ಹಿಡಿತ ಸಿಗುವುದಿಲ್ಲ. ಗೋಡೆ, ಪಕ್ಕದ ಮೂಲೆಗಳಿಗೆ ಮಾತ್ರ ಹರಿಯದ ಬಗೆಯದ್ದು ಬೇಕು. ಸೋಲಾರ್ ವೈರ್‌ಗಳು ಸಡಿಲವಾಗಿ ಬಿದ್ದಿದ್ದರೆ ಗಟ್ಟಿ ಕೊಳವೆಯೊಳಗೆ ಹಾಕಿ ಚಾವಣಿಗೆ ಅದುಮಿ ಕೂರಿಸಿ. ಏಸಿ ಹೊದಿಕೆಯ ಕೆಳಗೆ ಸ್ಪಂಜು ಇಣುಕುತ್ತಿದ್ದರೆ ಅದನ್ನೂ ಮುಚ್ಚಿ.

ಎರಡು ತಿಂಗಳು ಬಿಟ್ಟು ಬರುವುದಕ್ಕೆ ಟಾರ್ಪಾಲು ಬೇಡ. ಗಾಳಿಯಾಡದ ಹೊದಿಕೆಯ ಕೆಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಗಾಡಿಯ ಅಳತೆಗೆ ಹೊಲಿದ, ಗಾಳಿಯಾಡುವ ಹೊದಿಕೆ ತೆಗೆದುಕೊಂಡು, ಚಾವಣಿಯ ಚೂಪು ಮೂಲೆಗಳಿಗೆ, ಮಳೆನೀರು ಇಳಿಯುವ ಕೊಳವೆಯ ತುದಿಗಳಿಗೆ ಮೊದಲು ದಪ್ಪ ಸ್ಪಂಜು ಸುತ್ತಿ, ಆಮೇಲೆ ಹೊದಿಸಿ ಕೆಳಗಿನಿಂದ ಬಿಗಿಯಾಗಿ ಕಟ್ಟಿ. ಛಾವಣಿ ಇರುವ ಶೆಡ್ಡಿನಲ್ಲಿ ಜಾಗ ಸಿಕ್ಕರೆ ಇದಾವುದೂ ಬೇಡ, ಖರ್ಚಾದರೂ ನಾನು ಅದನ್ನೇ ಆರಿಸುತ್ತೇನೆ. ಬಯಲಲ್ಲೇ ಬಿಡಬೇಕಾದರೆ ಹದಿನೈದು ದಿನಕ್ಕೊಮ್ಮೆಯಾದರೂ ಯಾರಾದರೂ ನೋಡಿ ಬರುವ ಏರ್ಪಾಡು ಮಾಡಿ.

ಹೆದರಿಸುವ ಸಾಧನಗಳ ಬಗ್ಗೆ ಕೇಳಿದ್ದಿರಿ. ಪ್ಲಾಸ್ಟಿಕ್ ಗೂಬೆ ಕದಲುವುದಿಲ್ಲ, ಬೇಗ ಅದರ ಪಕ್ಕದಲ್ಲೇ ಬಂದು ಕೂರುತ್ತವೆ. ಮನುಷ್ಯರಿಗೆ ಕೇಳದ ಶಬ್ದ ಹೊರಡಿಸುತ್ತವೆ ಎಂದು ಮಾರುವ ಯಂತ್ರಗಳ ಶಬ್ದ ಹಕ್ಕಿಗಳಿಗೂ ಕೇಳುವುದಿಲ್ಲ, ಅವುಗಳ ಕಿವಿ ಅಷ್ಟು ಎತ್ತರದ ಸ್ವರ ಹಿಡಿಯುವುದೇ ಇಲ್ಲ. ಹೊಳೆಯುವ ರಿಬ್ಬನ್ ಕೆಲವು ದಿನ ಕೆಲಸ ಮಾಡುತ್ತದೆ, ಆಮೇಲೆ ರೂಢಿಯಾಗಿಬಿಡುತ್ತದೆ. ಚಲನೆ ಕಂಡೊಡನೆ ನೀರು ಚಿಮ್ಮುವ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನಲ್ಲಿ ಸಂಪರ್ಕ ಬೇಕು, ಒಂದೇ ಜಾಗದಲ್ಲಿ ನೆಲೆ ನಿಂತವರಿಗೆ ಸರಿ. ರಣಹದ್ದುಗಳ ಮೇಲೆ ನಿಜವಾಗಿ ಪರಿಣಾಮ ಮಾಡುವುದು ತಲೆಕೆಳಗಾಗಿ ತೂಗುಬಿಟ್ಟ ಸತ್ತ ರಣಹದ್ದಿನ ಪ್ರತಿಕೃತಿ. ಅಮೆರಿಕದ ಕೃಷಿ ಇಲಾಖೆಯ ವನ್ಯಜೀವಿ ವಿಭಾಗದವರು ಗುಂಪುಗಳನ್ನು ಚದುರಿಸಲು ಇದನ್ನು ಬಳಸುತ್ತಾರೆ. ನಿಜವಾದ ಕಳೇಬರ ಇಟ್ಟುಕೊಳ್ಳಲು ಪರವಾನಗಿ ಬೇಕು, ನಕಲಿಯದ್ದು ಸಾಕು. ಗಾಡಿ ಬಿಡುವ ಜಾಗದ ಮಾಲೀಕರನ್ನು ಕೇಳಿ ಅವರ ಕಂಬಕ್ಕೆ ತೂಗುಹಾಕಬಹುದು.

ಕಲ್ಲು, ಏರ್‌ಗನ್, ವಿಷ ಇವುಗಳ ಯೋಚನೆಯೂ ಬೇಡ. ಎರಡೂ ಜಾತಿಗಳು ಅಮೆರಿಕದ 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆಯಲ್ಲಿವೆ, ಪರವಾನಗಿ ಇಲ್ಲದೆ ಕೊಲ್ಲುವುದು ಅಪರಾಧ. ಕಾಯ್ದೆ ಒತ್ತಟ್ಟಿಗಿರಲಿ, ಕೊಳೆಯುವ ಹೆಣಗಳನ್ನು ತಿಂದು ನೆಲ ಶುಚಿ ಮಾಡುವ ಹಕ್ಕಿ ಅದು. ನಾವು ಅದರ ಜಾಗಕ್ಕೆ ಹೋಗಿ ಗಾಡಿ ನಿಲ್ಲಿಸಿದ್ದೇವೆ, ರಬ್ಬರ್ ಮುಚ್ಚಿಕೊಳ್ಳುವ ಹೊಣೆ ನಮ್ಮದು. ಅದಕ್ಕೆ ತಿನ್ನಲು ಏನನ್ನೂ ಎಸೆಯಬೇಡಿ.

ವಾಪಸ್ ಬಂದಾಗ ಗಾಡಿಯ ಮೇಲೆ ಕೂತಿದ್ದರೆ ಓಡಿಹೋಗಿ ಬೆದರಿಸಬೇಡಿ. ಗಾಬರಿಯಾದ ರಣಹದ್ದು ತಿಂದದ್ದನ್ನು ವಾಂತಿ ಮಾಡುತ್ತದೆ, ಆ ವಾಸನೆಯನ್ನು ತೊಳೆದವರಿಗೇ ಗೊತ್ತು. ಎದುರಿನಿಂದ ಕಾಣುವಂತೆ ನಿಧಾನವಾಗಿ ನಡೆದು ಬನ್ನಿ, ಚಪ್ಪಾಳೆ ತಟ್ಟಿ, ಹಾರಿಹೋಗುತ್ತವೆ. ಹಿಕ್ಕೆ ಒಣಗಿದ್ದಾಗ ಹಾಗೆಯೇ ಉಜ್ಜಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಹಾಕಿಟ್ಟು ನೆನೆಸಿ, ಆಮೇಲೆ ಎತ್ತಿ ತೆಗೆಯಿರಿ. ಬಿಸಿಲಿನಲ್ಲಿ ಹಾಗೇ ಬಿಟ್ಟರೆ ಅದು ಬಣ್ಣದ ಮೇಲ್ಪದರವನ್ನು ಹಾಳುಮಾಡುತ್ತದೆ, ಹಾಗಾಗಿ ಅಂದೇ ತೊಳೆಯಿರಿ.

ನ್ಯೂಜಿಲೆಂಡ್ ಕಡೆ ಹೋಗುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಅಲ್ಲಿನ ಬೆಟ್ಟದ ಗಿಳಿ ಕಿಯಾ ಕೂಡ ರಬ್ಬರ್ ಕೀಳುತ್ತದೆ. ಆರ್ಥರ್ಸ್ ಪಾಸ್ ಎಂಬ ಬೆಟ್ಟದಾರಿಯ ಸುತ್ತ ಇದು ಎಲ್ಲರಿಗೂ ಗೊತ್ತು. ಆದರೆ ಅದು ಬುದ್ಧಿವಂತ, ಆಟಕ್ಕಾಗಿ ಬಿಚ್ಚುವ ಹಕ್ಕಿ, ಹಗ್ಗದ ಗಂಟನ್ನೂ ಬಿಡಿಸಲು ನೋಡುತ್ತದೆ. ಅಲ್ಲಿ ಗಾಡಿಯ ಬಳಿ ತುಂಬ ಹೊತ್ತು ಇಲ್ಲದಿರುವುದೇ ತೊಂದರೆ, ಸರದಿಯ ಮೇಲೆ ಒಬ್ಬರು ಕಾದರೆ ಒಳ್ಳೆಯದು. ಗಾಜನ್ನೋ ಕನ್ನಡಿಯನ್ನೋ ಕುಕ್ಕುವ ನವಿಲು, ಟರ್ಕಿ ಕೋಳಿ, ಸ್ಯಾಂಡ್‌ಹಿಲ್ ಕೊಕ್ಕರೆಗಳದ್ದು ಬೇರೆಯೇ ಕಥೆ: ಅವು ತಮ್ಮ ಪ್ರತಿಬಿಂಬವನ್ನು ಎದುರಾಳಿ ಎಂದುಕೊಂಡು ಜಗಳಕ್ಕೆ ಬರುತ್ತವೆ. ಪ್ರತಿಬಿಂಬ ಮುಚ್ಚಿದರೆ ಜಗಳ ಮುಗಿಯಿತು.

ಇಷ್ಟು ಮಾಡಿದ ಮೇಲೂ ಏನಾದರೂ ಕಿತ್ತುಹೋದರೆ, ಮುಟ್ಟುವ ಮುಂಚೆ ಫೋಟೋ ತೆಗೆದಿಡಿ. ಅಮೆರಿಕದ ಕಾಂಪ್ರಹೆನ್ಸಿವ್ ವಿಮೆಯಲ್ಲಿ ಪ್ರಾಣಿ ಪಕ್ಷಿಗಳಿಂದಾದ ಹಾನಿ ಸಾಮಾನ್ಯವಾಗಿ ಸೇರಿರುತ್ತದೆ, ನಿಮ್ಮ ಪಾಲಿಸಿಯನ್ನು ಒಮ್ಮೆ ಓದಿಕೊಳ್ಳಿ. ಆದರೆ ತಡವಾಗಿ ಗೊತ್ತಾದ ಸೋರಿಕೆಯನ್ನು ನಿರ್ವಹಣೆಯ ಕೊರತೆ ಎಂದು ತಳ್ಳಿಹಾಕಬಹುದು. ಅದಕ್ಕೇ ರಣಹದ್ದು ಕೂತದ್ದು ಕಂಡ ದಿನವೇ, ಕತ್ತಲಾಗುವ ಮುಂಚೆ, ಏಣಿ ಹಾಕಿ ಮೇಲೆ ಹತ್ತಿ ನೋಡಿ. ಸೀಲಂಟ್ ಕಿತ್ತಿದ್ದರೆ ತಾತ್ಕಾಲಿಕವಾಗಿ ಬ್ಯುಟೈಲ್ ಅಂಟಿನ ಚಾವಣಿ ಟೇಪ್ ಸಾಕು. ಜಾಗವನ್ನು ತೊಳೆದು, ಪೂರ್ತಿ ಒಣಗಿಸಿ, ಅಂಚುಗಳನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಅಂಟಿಸಿ. ಟೇಪಿನ ನಾಲ್ಕು ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿಕೊಂಡೇ ಅಂಟಿಸಿ, ಮೂಲೆ ಇದ್ದರೆ ಅದೇ ಮರುದಿನ ಕೊಕ್ಕಿಗೆ ಸಿಗುತ್ತದೆ.